ಬೇವಿನ ಮರದ ಕೆಳಗೆ ನಿಂತವರು

ನಮ್ಮೂರಮ್ಮನ ಗುಡಿಗೆ ಇರುವುದು ಮೂರೇ ಮೆಟ್ಟಿಲು. ಅಂಬೆಗಾಲಿಡುವ ಕೂಸು ಕೂಡ ಹತ್ತಿಬಿಡುತ್ತದೆ. ಆ ಮೂರು ಮೆಟ್ಟಿಲು ಹತ್ತಲಾರದೆ ಹೊರಗೆ ನಿಂತವರನ್ನು ಕಂಡ ಮೇಲೆ, ಆಗಸ್ಟ್ ಹದಿನೈದರ ಯಾವ ಭಾಷಣವೂ ನನ್ನ ಕಿವಿಗೆ ಹತ್ತುವುದಿಲ್ಲ. ನಮ್ಮನೆಯವರ ಭಾಷಣವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಮ್ಮನೆಯವರು ಮಿಲಿಟರಿಯಲ್ಲಿದ್ದು ಬಂದವರು. ಹಿಮದಲ್ಲಿ ಕಾವಲು ನಿಂತು ಎಡಗಾಲಿನ ಬೆರಳು ಕಳೆದುಕೊಂಡು, ಪಿಂಚಣಿ ಹಿಡಿದು ತುರುವೇಕೆರೆ ಕಡೆಯ ಈ ಊರಿಗೆ ಮರಳಿದರು. ಅಪ್ಪನ ಕಾಲದ ತೆಂಗಿನ ತೋಟ, ಒಂದೆರಡು ಹಸು, ನಾನು. ಅವರ ರಾಜ್ಯ ಇಷ್ಟೇ. ಮಾತು ಕಡಿಮೆ, ಹಟ ಜಾಸ್ತಿ. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಊರಿನ ಸ್ಕೂಲಿನಲ್ಲಿ ಬಾವುಟ ಹಾರಿಸಲು ಇವರನ್ನೇ ಕರೆಯುತ್ತಿದ್ದರು. ಇವರು ಇಸ್ತ್ರಿ ಅಂಗಿ ತೊಟ್ಟು, ಬೆರಳಿಲ್ಲದ ಕಡೆ ಬಟ್ಟೆ ತುರುಕಿದ ಬೂಟು ಹಾಕಿಕೊಂಡು ಹೋಗಿ, "ಸ್ವಾತಂತ್ರ್ಯ ಪುಕ್ಕಟೆ ಬಂದಿಲ್ಲ ಮಕ್ಕಳೇ, ಉಳಿಸ್ಕೊಳ್ಳೋದೂ ಪುಕ್ಕಟೆ ಅಲ್ಲ" ಎಂದು ಹೇಳಿ ಕೂತುಬಿಡುತ್ತಿದ್ದರು. ವರ್ಷ ವರ್ಷವೂ ಅದೇ ಮಾತು. ಮಕ್ಕಳ ಕಣ್ಣೆಲ್ಲ ಬೂಂದಿ ಪೊಟ್ಟಣದ ಮೇಲೆ. ಈ ಸಲವಾದರೂ ಹೊಸದೊಂದು ಹೇಳಿ ಎಂದು ನಾನು ಗೇಲಿ ಮಾಡುತ್ತಿದ್ದೆ.

ನಮ್ಮೂರಿನವರು ಪಂಚಾಯ್ತಿಗೆ ಓಟು ಹಾಕಿ ಬಹಳ ಕಾಲವಾಗಿತ್ತು. ಮೆಂಬರು ಯಾರು ಅನ್ನುವುದು ಅಮ್ಮನ ಗುಡಿಯ ಮುಂದೆಯೇ ತೀರ್ಮಾನವಾಗುತ್ತಿತ್ತು. ಗುಡಿಗೆ ಯಾರು ಎಲ್ಲರಿಗಿಂತ ದೊಡ್ಡದೇನಾದರೂ ಮಾಡಿಸಿಕೊಡುತ್ತೇನೆ ಎಂದು ಕೂಗುತ್ತಾರೋ ಅವರಿಗೆ ಸೀಟು. ಉಳಿದವರು ಅರ್ಜಿ ಹಾಕುವ ಹಾಗಿಲ್ಲ. ಒಂದು ಸಲ ಕಾಂಪೌಂಡಾಯಿತು, ಇನ್ನೊಂದು ಸಲ ಟೈಲ್ಸಾಯಿತು. 'ಅವಿರೋಧ ಆಯ್ಕೆ' ಎಂದು ಪೇಪರಿನಲ್ಲಿ ಹಾರ ಹಾಕಿಕೊಂಡ ಫೋಟೊ ಬರುತ್ತಿತ್ತು. ಇದನ್ನೆಲ್ಲ ನಡೆಸುತ್ತಿದ್ದವರು ಪಟೇಲರು. ಪಟೇಲಿಕೆ ಹೋಗಿ ಎಷ್ಟೋ ಕಾಲವಾದರೂ ಆ ಮನೆಯ ಹಿರಿಯರನ್ನು ಊರು ಹಾಗೆಯೇ ಕರೆಯುತ್ತದೆ. ಗದರುವವರಲ್ಲ, ಯಾರನ್ನಾದರೂ ನಕ್ಕೇ ಮಾತಾಡಿಸುತ್ತಾರೆ. ಆ ನಗು ನನಗೆ ಎಂದೂ ಹಿಡಿಸಿದ್ದಿಲ್ಲ.

ಈ ಸಲ ಪಟೇಲರ ತಮ್ಮನ ಮಗ ಗುಡಿಗೆ ಹೊಸ ಚಾವಣಿ ಹಾಕಿಸುತ್ತೇನೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಾರ್ದಾದ್ರೂ ತಕರಾರೈತಾ?" ಎಂದು ಪಟೇಲರು ಕೇಳಿದರು. ಹಾಗೆ ಕೇಳುವುದು ವಾಡಿಕೆ. ಯಾರೂ ಬಾಯಿ ಬಿಡದಿರುವುದೂ ವಾಡಿಕೆ.

ಗುಂಪಿನ ಹಿಂದಿನಿಂದ ನಮ್ಮನೆಯವರು "ನಂದೈತೆ" ಎಂದರು. "ನಾನೂ ಅರ್ಜಿ ಹಾಕ್ತೀನಿ. ಗೆಲ್ಲಾಕಲ್ಲ ಪಟೇಲ್ರೇ, ಓಟು ನಡೀಲಿ ಅಂತ. ಓಟು ಹಾಕಾದ್ನೇ ಮರೆತ್ರೆ ನಾವು ಅಷ್ಟ್ ವರ್ಷ ಅಲ್ಲಿ ಕಾದಿದ್ದು ಏನ್ನ?"

ಪಟೇಲರು ನಕ್ಕರು. "ದೇಶ ಕಾದೋರು ನೀವು. ಊರಿನ ಒಗ್ಗಟ್ಟನ್ನೂ ಒಸಿ ಕಾಯ್ರಪ್ಪ."

ಅರ್ಜಿಗೆ ಸೂಚಕರೆಂದು ಸಹಿ ಹಾಕಲು ಊರಿನಲ್ಲಿ ಒಬ್ಬರೂ ಸಿಗಲಿಲ್ಲ. ಕೊನೆಗೆ ನಾನೇ ಹಾಕಿದೆ. ಬೈದುಕೊಂಡೇ ಹಾಕಿದೆ. ಇವರಿಗೆ ಸಿಕ್ಕ ಗುರುತು ಹೊಲಿಗೆ ಮಿಷನ್ನು. "ಪಟಾಲಂನಲ್ಲಿ ಗುಂಡಿ ಹೊಲ್ಕೊಂಡೋನು ನಾನು, ಸರೋಯ್ತು ಬುಡು" ಎಂದರು.

ಮಾರನೆಯ ಬೆಳಗ್ಗೆಯಿಂದ ಊರು ನಮ್ಮ ಪಾಲಿಗೆ ಮೂಕವಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಆ ವಿದ್ಯೆ ನನಗೆ ಚೆನ್ನಾಗಿಯೇ ಬರುತ್ತದೆ. ಡೈರಿಗೆ ಹಾಲು ಹಾಕಲು ಹೋದರೆ, ಡೈರಿಯವನು ಹಾಲಿಗೆ ಅಳತೆಯ ಕೊಳವೆ ಅದ್ದಿ, ನನ್ನ ಮುಖ ನೋಡದೆ, "ಡಿಗ್ರಿ ಬರ್ತಿಲ್ಲ ಕಣಕ್ಕ" ಎಂದು ಕ್ಯಾನು ಹಿಂದಕ್ಕೆ ತಳ್ಳಿದ. ಅದೇ ಹಸು, ಅದೇ ಮೇವು, ನಿನ್ನೆವರೆಗೂ ಬರುತ್ತಿದ್ದ ಡಿಗ್ರಿ. ಕಾಯಿ ಕೀಳುವವರು ಬತ್ತೀವಿ ಎಂದವರು ಬರಲಿಲ್ಲ. ಬಲಿತ ಕಾಯಿಗಳು ತಾವಾಗಿಯೇ ಉದುರತೊಡಗಿದವು. ಹಟ್ಟಿಯಲ್ಲಿ ಕಸ ಹೊಡೆಯುವಾಗ, ಹಸುವಿಗೆ ನೀರು ಇಡುವಾಗ, ತೋಟದೊಳಗೆ ಎಲ್ಲೋ ಧೊಪ್ಪೆಂದು ಸದ್ದು. ಅದರ ಹಿಂದೆಯೇ ಮತ್ತೆ ಮೌನ. ಯಾರ ತಲೆಯ ಮೇಲೆ ಬೀಳುತ್ತದೋ ಎಂದು ನಾನು ನಡೆಯುವಾಗಲೆಲ್ಲ ಕತ್ತೆತ್ತಿ ಮೇಲೆ ನೋಡುವುದನ್ನು ಕಲಿತೆ.

ಅಟ್ಟದ ಮೇಲಿನದು ಬೇರೆ ಚಿಂತೆ. ಹೋದ ವರ್ಷ ಅಟ್ಟಕ್ಕೆ ಹಾಕಿದ್ದ ಕಾಯಿ ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗಿತ್ತು. ಸುಲಿಸಿ, ಒಡೆಸಿ, ತಿಪಟೂರಿಗೆ ಕಳಿಸುವ ಹೊತ್ತು. ತಡ ಮಾಡಿದಷ್ಟೂ ಕೌಟು ವಾಸನೆ ಹಿಡಿದು ಕೆಡುತ್ತದೆ. ಪ್ರತಿ ವರ್ಷ ನಮ್ಮ ಕೊಬ್ಬರಿ ಒಡೆಯುತ್ತಿದ್ದವಳು ತೋಟದ ಬದುವಿನ ಆಚೆ ಮನೆಯ ದೊಡ್ಡವ್ವ. ನೆಂಟಸ್ತನವೇನಿಲ್ಲ, ನಾನು ಮದುವೆಯಾಗಿ ಬಂದಾಗಿನಿಂದ ಹಾಗೆ ಕರೆಯುತ್ತೇನೆ. ಅವಳೂ ಬರಲಿಲ್ಲ. ಅವಳ ಮಗ ಪಟೇಲರ ಟ್ರ್ಯಾಕ್ಟರ್ ಓಡಿಸುತ್ತಾನೆ, ಅವರ ಅನ್ನ ಅಲ್ಲಿಂದಲೇ ಬರಬೇಕು. ಇಲಿ ಓಡಾಡಿದಾಗಲೆಲ್ಲ ಅಟ್ಟದ ಕಾಯಿಗಳು ಉರುಳಿ ಲೊಟಲೊಟ ಅನ್ನುತ್ತಿದ್ದವು. ಒಳಗೊಳಗೇ ಯಾರೋ ಮಾತಾಡಿಕೊಂಡ ಹಾಗೆ ಕೇಳುತ್ತಿತ್ತು.

"ಅರ್ಜಿ ವಾಪಸ್ ತಗಳ್ರೀ" ಎಂದು ಅಂಗಲಾಚಿದೆ. "ನಿಮ್ ಒಂದ್ ಹಟಕ್ಕೆ ನಾವು ಊರಲ್ಲಿ ಬದುಕೋದು ಬ್ಯಾಡ್ವಾ?"

ಅವರು ಎಡಗಾಲು ನೀವಿಕೊಂಡರು. "ಅಲ್ಲಿ ಎದುರಿಗಿರೋನು ವೈರಿ ಅಂತ ಗೊತ್ತಿರೋದು ಕಣೇ. ಇಲ್ಲಿ ಎಲ್ರೂ ನಮ್ಮೋರೇ. ನಂಗೆ ಅಲ್ಲಿಗಿಂತ ಇಲ್ಲೇ ಭಯ ಆಗ್ತೈತೆ."

ಆ ಮನುಷ್ಯನ ಬಾಯಿಂದ ಭಯ ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆದರೂ ಅವರು ಅರ್ಜಿ ವಾಪಸ್ ಪಡೆಯಲಿಲ್ಲ.

ಓಟಿನ ದಿನ ಸ್ಕೂಲಿನ ಮುಂದೆ ಸಾಲು ನಿಂತಿತು. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ, ಚೀಟಿಗೆ ಮುದ್ರೆ ಒತ್ತಿ, ನೆಲ ನೋಡುತ್ತ ಹೊರಗೆ ಬಂದರು. ಎಣಿಕೆ ನಡೆದದ್ದು ತುರುವೇಕೆರೆಯಲ್ಲಿ. ಪಟೇಲರ ಹುಡುಗ ಗೆದ್ದ, ಅದರಲ್ಲಿ ಹೊಸದೇನೂ ಇಲ್ಲ. ನಮ್ಮನೆಯವರಿಗೆ ಬಿದ್ದದ್ದು ಹನ್ನೊಂದು ಓಟು.

ನಾನು ಎರಡೇ ಎಂದುಕೊಂಡಿದ್ದೆ. ನಮ್ಮಿಬ್ಬರದು ಬಿಟ್ಟರೆ ಇನ್ನೂ ಒಂಬತ್ತು! ಮನೆಗೆ ಬರುವಾಗ ಬಸ್ಸಿನಲ್ಲಿ, "ಯಾರಿರಬೋದ್ರೀ?" ಎಂದು ಕೇಳಿದೆ.

"ಕೇಳ್ಬ್ಯಾಡ. ಯಾರಿಗೂ ಗೊತ್ತಾಗ್ಬಾರ್ದು ಅಂತ್ಲೇ ಅಲ್ವಾ ಆ ಪರದೆ ಕಟ್ಟಿದ್ದು" ಎಂದರು. ಸೋತ ಮನುಷ್ಯ ಮದುವಣಿಗನ ಹಾಗೆ ನಗುತ್ತಿದ್ದರು. ನನಗೂ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಅದೇ ಕಳೆಯುವ ಲೆಕ್ಕ ಪಟೇಲರಿಗೂ ಬರುತ್ತದೆ ಎಂಬುದು ಮಾತ್ರ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಮಂಗಳವಾರ ಅಮ್ಮನ ಪೂಜೆಯಾದ ಮೇಲೆ ಊರಿನಲ್ಲಿ ಓಟು ಹಾಕಿದವರನ್ನೆಲ್ಲ ಗುಡಿಗೆ ಕರೆಸಿದರು. ನಮ್ಮಿಬ್ಬರನ್ನು ಕರೆಯಲಿಲ್ಲ. ನಾನು ಗುಡಿಯ ಪಕ್ಕದ ನಲ್ಲಿಯಲ್ಲಿ ಬಿಂದಿಗೆ ಇಟ್ಟುಕೊಂಡು ನೋಡುತ್ತಿದ್ದೆ. ಅಮ್ಮನ ಮುಂದೆ ಅರಿಸಿನ ಕುಂಕುಮ ಹಚ್ಚಿದ ಒಂದು ತೆಂಗಿನಕಾಯಿ. ಒಬ್ಬೊಬ್ಬರೂ ಅದನ್ನು ಮುಟ್ಟಿ, "ನಾನು ಹೊಲಿಗೆ ಮಿಷನ್ನಿಗೆ ಒತ್ತಿಲ್ಲ, ಅಮ್ಮನಾಣೆ" ಎಂದು ಪ್ರಮಾಣ ಮಾಡಬೇಕು. ಪಟೇಲರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಗುನಗುತ್ತ ಕೂತಿದ್ದರು. ಸಾಲು ಸರಿಯುತ್ತಾ ಹೋಯಿತು. ನನ್ನ ಬಿಂದಿಗೆ ತುಂಬಿ ಹರಿದು ಕಾಲು ಒದ್ದೆಯಾದರೂ ನಲ್ಲಿ ನಿಲ್ಲಿಸುವುದು ನೆನಪಾಗಲಿಲ್ಲ. ಊರಿಗೆ ಊರೇ ಪ್ರಮಾಣ ಮಾಡಿತು. ಒಬ್ಬರೂ ಹಿಂಜರಿಯಲಿಲ್ಲ, ಒಬ್ಬರೂ ಒಪ್ಪಿಕೊಳ್ಳಲಿಲ್ಲ.

"ಸರಿ ಬುಡಿ" ಎಂದು ಪಟೇಲರು ಎದ್ದರು. "ಸುಳ್ಳಾಡ್ದೋರ್ನ ಅಮ್ಮ ನೋಡ್ಕತಾಳೆ."

ಅಲ್ಲಿಂದ ಮುಂದೆ ಊರಿನಲ್ಲಿ ಏನೇ ಕೆಟ್ಟದ್ದಾದರೂ ಒಂದೇ ಮಾತು. ಯಾರದೋ ಹಸು ತಿಂಗಳು ತುಂಬದೆ ಕಂದು ಹಾಕಿತು, "ಅಮ್ಮ ಹುಡುಕ್ತಾವ್ಳೆ." ಯಾರದೋ ಮಗುವಿಗೆ ಜ್ವರ ಬಿಡಲಿಲ್ಲ, "ಅಮ್ಮ ಹತ್ರ ಬಂದವ್ಳೆ." ನಮ್ಮ ಮೇಲಿನ ಸಿಟ್ಟು ಮಾತ್ರ ಇಳಿಯಿತು. ನಮ್ಮ ಹಾಲಿಗೆ ಮತ್ತೆ ಡಿಗ್ರಿ ಬರತೊಡಗಿತು. ಕಾಯಿ ಕೀಳುವವರೂ ಬಂದರು. ಈಗ ಊರು ಹುಡುಕುತ್ತಿದ್ದದ್ದು ನಮ್ಮನ್ನಲ್ಲ.

ದೊಡ್ಡವ್ವನೂ ಕೊಬ್ಬರಿ ಒಡೆಯಲು ಬಂದಳು. ಬಂದವಳೇ ಸೀರೆ ಎತ್ತಿಕಟ್ಟಿ, ಏಣಿ ಹತ್ತಿ ಅಟ್ಟಕ್ಕೆ ಹೋಗಿ, ಕಾಯಿ ಅಲ್ಲಾಡಿಸಿ ನೋಡಿ, "ಇನ್ನೂ ಕೆಟ್ಟಿಲ್ಲ ಕಣವ್ವ" ಎಂದು ಮೇಲಿನಿಂದಲೇ ಕೂಗಿದಳು. ನಾನು ನಿಟ್ಟುಸಿರು ಬಿಟ್ಟೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಆ ವಾರವೇ ಮಂಗಳವಾರ ಗುಡಿಗೆ ಹೋದರೆ ದೊಡ್ಡವ್ವ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಮಂಗಳವಾರದ ಮೊದಲ ಕಾಯಿ ಅವಳದೇ ಒಡೆಯಬೇಕು, ಅಷ್ಟು ಭಕ್ತಿ ಅವಳಿಗೆ. ತನ್ನ ಕಾಯಿಯನ್ನು ನನ್ನ ತಟ್ಟೆಗಿಟ್ಟು, "ನಂದೂ ಕೊಟ್ಬುಡವ್ವ. ಮಂಡಿ ನೋವು, ಮೆಟ್ಲು ಹತ್ತಕ್ಕಾಗಕ್ಕಿಲ್ಲ" ಎಂದಳು.

ನಾನು ಆ ಮೆಟ್ಟಿಲು ನೋಡಿದೆ. ನಮ್ಮ ಅಟ್ಟದ ಏಣಿ ನೆನಪಾಯಿತು. ಅವಳ ಮುಖ ನೋಡಿದಾಗ ಅವಳು ಕಣ್ಣು ತಪ್ಪಿಸಿದಳು. ನನಗೆ ಎಲ್ಲವೂ ಅರ್ಥವಾಯಿತು.

"ದೊಡ್ಡವ್ವಾ, ನೀನಾ?" ಎಂದೆ ಮೆಲ್ಲಗೆ.

"ನಿನ್ ಗಂಡನ್ನ ನೋಡಿ ಅಲ್ಲ ಕಣೇ" ಎಂದಳು. "ಮೊದ್ಲು ನನ್ ಗಂಡ ಹೇಳ್ದಂಗೆ ಒತ್ತಿದ್ದೆ. ಆಮೇಲೆ ಮಗ ಹೇಳ್ದಂಗೆ. ಆಮೇಲೆ ಒತ್ತೋದೇ ಇಲ್ದಂಗಾಯ್ತು. ಈ ಸಲ ಆ ಪರದೆ ಹಿಂದೆ ಹೋದ್ನಲ್ಲ, ಅಲ್ಲಿ ಯಾರೂ ಇರ್ನಿಲ್ಲ. ನಾನೊಬ್ಳೇ. ನಂಗೆ ಬೇಕಾದ್ದಕ್ಕೆ ಒಂದ್ಸಲ ಒತ್ಬುಡಾನ ಅನ್ನಿಸ್ತು. ಆಚೆಗೆ ಬಂದಾಗ ಹಸೀ ಬಾಣಂತಿ ಹಂಗೆ ಮೈ ಹಗುರಾಗಿತ್ತು ಕಣವ್ವ."

"ಮತ್ಯಾಕೆ ಹೊರಗೆ ನಿಂತಿದೀಯ? ಒಳಗ್ ಬಾ."

"ಆ ಕಾಯಿ ಮುಟ್ಟಿ ಸುಳ್ಳಾಡಿದ್ದು ಇದೇ ಕೈ. ಮಗನ ಕೆಲಸ ಹೋಗ್ಬಾರ್ದು ಅಂತ ಆಡ್ದೆ. ಇನ್ ಯಾವ್ ಮಕ ಹೊತ್ಕೊಂಡು ಅವಳ ಹೊಸ್ಲು ದಾಟ್ಲಿ?" ಅವಳು ಅಳಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

ಅಂದು ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ಪಟೇಲರ ಮೇಲೆ, ಗುಡಿಯೊಳಗೆ ಸುಮ್ಮನೆ ಕೂತ ಅಮ್ಮನ ಮೇಲೆ, ನನ್ನ ಗಂಡನ ಮೇಲೂ. ಮನೆಗೆ ಬಂದು ಅವರ ಮುಂದೆ ಕಾರಿಕೊಂಡೆ. ಅವರು ಕೇಳಿಸಿಕೊಂಡರು. "ನಂಗೆ ಬೆರಳು ಹೋಗಿದ್ದಕ್ಕೆ ಶಾಲು ಹೊದ್ಸಿದ್ರು" ಎಂದರು. "ದೊಡ್ಡವ್ವಂಗೆ ದೇವ್ರೇ ಹೋಗ್ಬುಟ್ಟ. ಅದ್ನ ಬಾಯ್ಬಿಟ್ಟು ಹೇಳೋ ಹಂಗೂ ಇಲ್ಲ." ಅಂದು ಅವರು ಊಟ ಮಾಡಲಿಲ್ಲ.

ಆ ಆಗಸ್ಟ್ ಹದಿನೈದಕ್ಕೆ ಸ್ಕೂಲಿನಿಂದ ಕರೆ ಬರಲಿಲ್ಲ. ಬಾವುಟ ಹಾರಿಸಿದ್ದು ಹೊಸ ಮೆಂಬರು. ಒಗ್ಗಟ್ಟಿನ ಬಗ್ಗೆ ಉದ್ದನೆಯ ಭಾಷಣ ಮಾಡಿದನಂತೆ. ನಮ್ಮನೆಯವರು ಬೂಟು ಹಾಕಿಕೊಂಡು ಹೋಗಿ ಕಾಂಪೌಂಡಿನ ಹೊರಗಿನಿಂದಲೇ ಸೆಲ್ಯೂಟ್ ಹೊಡೆದು ಬಂದರು.

ಶ್ರಾವಣದ ಮಂಗಳವಾರ ಗುಡಿಯ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೊಸ ಚಾವಣಿಯ ಕೆಳಗೆ ಸೆಖೆ, ಕರ್ಪೂರದ ಹೊಗೆ. ಮಂಗಳಾರತಿಯ ಹೊತ್ತಿಗೆ ದೊಡ್ಡವ್ವನ ಕಾಯಿ ಒಡೆಯಿತೆಂದು ಅವಳಿಗೆ ಕಣ್ಣಲ್ಲೇ ಹೇಳೋಣವೆಂದು ಹಿಂತಿರುಗಿ ನೋಡಿದೆ.

ಬೇವಿನ ಮರದ ಕೆಳಗೆ ಅವಳೊಬ್ಬಳೇ ಇರಲಿಲ್ಲ. ಹಿಟ್ಟಿನ ಗಿರಣಿಯವನು ಮೊಬೈಲು ಕಿವಿಗಿಟ್ಟುಕೊಂಡು ನಿಂತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ. ಕೆಂಕೆರೆಯಿಂದ ಸೊಸೆಯಾಗಿ ಬಂದವಳು, ಮಲಗಿದ್ದ ಮಗುವನ್ನು ಹೆಗಲ ಮೇಲೆ ತಟ್ಟುತ್ತಿದ್ದಳು. ಅವರಿಂದ ಆಚೆ, ಚಪ್ಪಲಿ ಕಿತ್ತುಹೋದವನ ಹಾಗೆ ಬಗ್ಗಿಕೊಂಡು, ನಮ್ಮ ಹಾಲನ್ನು ಹಿಂದಕ್ಕೆ ತಳ್ಳಿದ್ದ ಡೈರಿಯವನು. ಇನ್ನೂ ಇದ್ದರು. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ತಮ್ಮ ಹಾಗೆಯೇ ಇನ್ನೊಬ್ಬರಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ಎಲ್ಲರೂ ಗುಡಿಯ ಬಾಗಿಲ ಕಡೆ ಕೈ ಮುಗಿದಿದ್ದರು, ಆದರೆ ಒಬ್ಬರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಎಣಿಸಬಾರದು ಎಂದು ನಾನು ಮುಖ ತಿರುಗಿಸಿದೆ.

ತಿರುಗಿಸಿದಾಗ ಪಟೇಲರು ಕಂಡರು. ಅಮ್ಮನ ಮುಂದೆ ಕೈ ಮುಗಿದು ನಿಂತಿದ್ದರು, ಕತ್ತು ಮಾತ್ರ ಹೊರಗೆ ಬೇವಿನ ಮರದ ಕಡೆ ಹೊರಳಿತ್ತು. ಮುಖದಲ್ಲಿ ನಗುವಿರಲಿಲ್ಲ. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಪೂಜಾರಿ ಆಗಲೇ ಮಂತ್ರ ನಿಲ್ಲಿಸಿದ್ದ.

ನಾನು ತಟ್ಟೆಯನ್ನು ಅಲ್ಲೇ ಕೆಳಗಿಟ್ಟೆ. ಮಂಗಳಾರತಿ ತೆಗೆದುಕೊಳ್ಳದೆ, ಜನರನ್ನು ತಳ್ಳಿಕೊಂಡು, ಮೆಟ್ಟಿಲಿಳಿದು ಹೊರಗೆ ಬಂದೆ. ಗುಡಿಯ ಜಗಲಿಯಲ್ಲಿ ಹರಟುತ್ತ ಕೂತಿದ್ದ ಹೆಂಗಸರನ್ನು, "ಇಲ್ಲಿ ಸೆಖೆ ಕಣ್ರೇ, ಗಾಳಿಗೆ ಬನ್ನಿ" ಎಂದು ಕೈ ಹಿಡಿದು ಎಳೆದೆ. ಇಬ್ಬರು ಬಂದರು. ನಾನು ದೊಡ್ಡವ್ವನ ಪಕ್ಕ ನಿಂತು ಅವಳ ಕೈ ಹಿಡಿದುಕೊಂಡೆ. ಒದ್ದೆಯಾಗಿತ್ತು.

ಒಳಗೆ ಪಟೇಲರ ತುಟಿ ಒಂದು ಗಳಿಗೆ ನಿಂತಿತು. ಆಮೇಲೆ ಅವರು ಮರದ ಕೆಳಗಿನ ಸಾಲನ್ನು ಆ ತುದಿಯಿಂದ ಮತ್ತೆ ಎಣಿಸಲು ಶುರು ಮಾಡಿದರು.