ಮೂರು ಕಾಲು, ಅರ್ಧ ಹೋಳಗಿ

ವಿಜಯಪುರದ ಜಲನಗರದಾಗಿನ ನಮ್ಮ ಮನಿಯೊಳಗ ಮೂರು ಕಾಲಿನ ಒಂದು ಸ್ಟ್ಯಾಂಡ್ ಐತಿ. ಕ್ಯಾಮೆರಾ ಇಡೂ ಸ್ಟ್ಯಾಂಡು. ಅದರ ಮ್ಯಾಲ ನಮ್ಮ ಸ್ವಂತದ್ದು ಅನ್ನೂ ಕ್ಯಾಮೆರಾ ಇವತ್ತಿನ ತನಕ ಒಂದೂ ಕುಂತಿಲ್ಲ. ನಮ್ಮ ಮನಿಯಾಕಿ ಅದರ ಮ್ಯಾಲ ಹಸಿ ಟಾವೆಲ್ ಒಣಹಾಕ್ತಾಳ. ಬ್ಯಾಸಗ್ಯಾಗ ಅದಕ್ಕ ನನ್ನ ಹಳೇ ಅಂಗಿ ತೊಡಿಸಿ ಸಂಡಗಿ ಕಾಯಾಕ ಮಾಳಿಗಿ ಮ್ಯಾಲ ನಿಲ್ಲಿಸ್ತಾಳ. "ನೀವ ನಿಂತ್ರೂ ಕಾಗಿ ಇಷ್ಟು ಹೆದರೂದಿಲ್ಲ ನೋಡ್ರಿ" ಅಂತಾಳ. ಮೂವತ್ತು ವರ್ಷ ಪಿ.ಟಿ. ಮಾಸ್ತರಕಿ ಮಾಡಿದವಗ ಈ ಮಾತು!

ಮೊನ್ನಿ ಆ ಟಾವೆಲ್ ತಗೊಂಡು ಮಾರಿ ಒರಸ್ಕೊಳ್ಳಾಕ ಹತ್ತಿದ್ದೆ, ಫೋನು ಬಂತು. ಟಿಕೋಟಾದಿಂದ ಮಾಳವ್ವ. ಬಬಲೇಶ್ವರದಾಗ ನನ್ನ ಕೈಯಾಗ ಕಲಿತ ಹುಡುಗಿ, ಈಗ ಆಕೀನೂ ಪಿ.ಟಿ. ಟೀಚರು.

"ಸರ್, ಹುಡಿಗ್ಯಾರ ಆಟ ಶೂಟಿಂಗ್ ಮಾಡಿ ತಪ್ಪು ತೋರ್ಸಾಕ ಒಂದು ವಿಡಿಯೋ ಕ್ಯಾಮೆರಾ ತಗೋಬೇಕಂತ ಮಾಡೇನ್ರಿ. ಯಾವುದು ಛಲೋ ಐತ್ರಿ? ಈ ವಿಷಯದಾಗ ನಿಮ್ಮಷ್ಟು ತಿಳಿದವರು ಯಾರದಾರ? ಐತ್ವಾರ ಬರ್ರಿ. ಅವತ್ತು ಕ್ಯಾಮೆರಾದಾಗ ನನ್ನ ತಪ್ಪು ಏನು ಸಿಕ್ತು ಅನ್ನೂದನ್ನ ನಮ್ಮ ಹುಡಿಗ್ಯಾರಿಗೆ ನೀವ ಹೇಳ್ರಿ."

"ಬರ್ತೀನವಾ" ಅಂತ ಭಾಳ ದೊಡ್ಡಸ್ತನದಿಂದ ಹೇಳಿ ಫೋನ್ ಇಟ್ಟೆ. ಆಮ್ಯಾಲ ಒರಸಿದ ಮಾರಿ ಮತ್ತ ಬೆವತ್ತು. ಯಾಕಂದ್ರ ಅವತ್ತು ಕ್ಯಾಮೆರಾದಾಗ ಸಿಕ್ಕಿದ್ದು ಏನು ಅನ್ನೂದನ್ನ ನಾನು ಹೆಂಡತಿಗೂ ಹೇಳಿಲ್ಲ. ನಿಮಗ ಹೇಳ್ತೀನಿ, ನಿಮ್ಮಲ್ಲೇ ಇರಲಿ.

ಮಾಳವ್ವ ಕುರಿ ಕಾಯೂ ಮನಿತನದಾಕಿ. ಮರಿ ಹಿಂದ ಓಡಿ ಓಡಿ, ಹಳ್ಳದ ಈ ದಂಡಿಯಿಂದ ಆ ದಂಡಿಗೆ ಜಿಗಿಯೂದು ಆಕಿಗೆ ನೀರು ಕುಡದಷ್ಟು ಸಲೀಸು. ಅದನ್ನ ಕಂಡು ನಾನ ಆಕಿನ್ನ ಲಾಂಗ್ ಜಂಪಿಗೆ ಹಚ್ಚಿದೆ. ಆದ್ರ ಸಾಲಿ ಆಟದಾಗ ಹಳ್ಳ ಇರೂದಿಲ್ಲ, ಹಲಗಿ ಇರ್ತೈತಿ. ಓಡಿ ಬಂದು ಆ ಬಿಳಿ ಹಲಗಿ ಮ್ಯಾಲ ಕಾಲಿಟ್ಟು ಹಾರಬೇಕು. ಕಾಲು ಒಂದು ಬೆರಳು ಮುಂದ ಬಿತ್ತಂದ್ರ ಫೌಲು. ಎಷ್ಟು ದೂರ ಹಾರಿದ್ರೂ ಹೊಳಿಯೊಳಗ ಹುಣಸಿಹಣ್ಣು ತೊಳದಂಗ.

ಮಾಳವ್ವ ಜಿಲ್ಲಾ ಆಟದಾಗ ಮೂರಕ್ಕ ಮೂರೂ ಫೌಲ್ ಮಾಡಿದ್ಲು. ಮುಂದಿನ ವರ್ಷ ಆಕಿ ಹತ್ತನೇ ಕ್ಲಾಸು. ಗೆದ್ರ ಕ್ರೀಡಾ ಹಾಸ್ಟೆಲ್ಲು, ಮುಂದ ಓದು. ಆಕಿ ಅಪ್ಪ ಸಾಲಿಗೆ ಬಂದು ಸಾಫ್ ಹೇಳಿಹೋದ: "ಇದೊಂದ ಸಲ ನೋಡ್ತೀನ್ರಿ ಮಾಸ್ತರ. ಆಗಲಿಲ್ಲಂದ್ರ ಕುರಿ ಹಿಂದ ಕಳಸ್ತೀನಿ. ಕುರಿ ಏನ ಫೌಲ್ ಅನ್ನೂದಿಲ್ಲ."

ನಾನೂ ಆಕಿಗೆ ಬೈಯೂದ್ರಾಗ ಏನೂ ಬಾಕಿ ಇಟ್ಕೊಳ್ಳಲಿಲ್ಲ, ಮನಸಾರೆ ಬೈದೆ. "ಕಣ್ಣು ಎಲ್ಲಿಟ್ಟೀ ಬೇ? ಕಾಲಾಗ ಜೀವ ಇಲ್ಲೇನು?" ಆಕಿ ತಲಿ ಬಗ್ಗಿಸಿ ಮತ್ತ ಓಡಾಕ ಹಿಂದಕ್ಕ ಹೋಗಾಕಿ. ನನ್ನ ಅಭ್ಯಾಸ ಏನಂದ್ರ, ಹಲಗಿ ಬಾಜೂಕ ನಿಂತು, ಆಕಿ ಕಾಲು ಅಲ್ಲಿಗೆ ಬರೂ ಹೊತ್ತಿಗೆ ಸರಿಯಾಗಿ "ಹಾರ! ಹಾರ ಬೇ!" ಅಂತ ಒದರೂದು. ನನ್ನ ದನಿ ಬಸ್ ಸ್ಟ್ಯಾಂಡಿನ ತನಕ ಕೇಳ್ತಿತ್ತಂತ. ಅದು ನನಗ ಹೆಮ್ಮಿ ಇತ್ತು.

ಅಷ್ಟೊತ್ತಿಗೆ ಪೇಪರಿನ್ಯಾಗ ಓದಿದೆ, ಹೊರದೇಶದಾಗ ಆಟಗಾರರನ್ನ ವಿಡಿಯೋ ತಗದು, ನಿಧಾನ ಓಡಿಸಿ ತಪ್ಪು ಹಿಡಿತಾರ ಅಂತ. ಕ್ಯಾಮೆರಾದ 'ಫ್ರೇಮ್ ರೇಟ್' ಜಾಸ್ತಿ ಇರಬೇಕು, ಅಂದ್ರ ಒಂದು ಸೆಕೆಂಡಿಗೆ ಚಿತ್ರ ಭಾಳ ತಗೀಬೇಕು ಅಂತನೂ ಬರದಿದ್ರು. ಬಾಯಿಪಾಠ ಮಾಡ್ಕೊಂಡು ವಿಜಯಪುರದ ಒಂದು ಫೋಟೋ ಅಂಗಡಿ ಮೆಟ್ಟಲಾ ಏರಿ, ಗತ್ತಿನಿಂದ ಕೇಳಿದೆ: "ಫ್ರೇಮ್ ರೇಟ್ ಎಷ್ಟರಿ?"

"ಯಾವ ಸೈಜಿಂದ್ರಿ? ಗ್ಲಾಸ್ ಹಾಕಿ ಬೇಕೋ, ಬರೇ ಕಟಗಿದೋ?" ಅಂದ ಅಂಗಡಿಯವ. ಒಂದು ಕ್ಷಣ ತಡದು, ದನಿ ಸಣ್ಣಗ ಮಾಡಿ, "ತೀರ್ಕೊಂಡವರು ಯಾರ್ರಿ?" ಅಂತನೂ ಕೇಳಿದ.

ತಿಳಿಸಿ ಹೇಳಿದ ಮ್ಯಾಲ ಅವ ಖರೇ ಕ್ಯಾಮೆರಾ ತೋರಿಸಿದ. ಅದರ ಬೆಲಿ ಕೇಳಿ ನನ್ನ ಮಾರಿ ಫೋಟೋದಾಗಿನ ಮಾರಿಯಂಗ ಆತು. ಬರಿಗೈಲೆ ಇಳಿಯಾಕ ಮರ್ಯಾದಿ ಬಿಡಲಿಲ್ಲ. ಈ ಸ್ಟ್ಯಾಂಡ್ ಒಂದ ತಗೊಂಡು ಬಂದೆ. ಕಾಲು ಬಂದುವು, ಕಣ್ಣು ಬರಲಿಲ್ಲ.

ಕಣ್ಣು ಕೊಟ್ಟವ ರಫೀಕ. ಲಗ್ನದ ಶೂಟಿಂಗ್ ಮಾಡಾಂವ, ಪರಿಚಯದ ಹುಡುಗ. ಆಷಾಢದಾಗ ಲಗ್ನ ಕಡಿಮಿ ಅಂತ ತನ್ನ ಕ್ಯಾಮೆರಾ ತಗೊಂಡು ಒಂದು ದಿನ ಬಬಲೇಶ್ವರಕ್ಕ ಬಂದ. "ಬರೇ ಕಾಲು ತಗಿಯಪಾ, ಹಲಗಿ ಮತ್ತ ಕಾಲು" ಅಂತ ಹತ್ತು ಸರ್ತಿ ಹೇಳಿದೆ. ಮಾಳವ್ವ ಹನ್ನೊಂದು ಸಲ ಓಡಿ ಹಾರಿದ್ಲು. ಹತ್ತು ಸಲ ನಾ ಹಲಗಿ ಬಾಜೂಕಿದ್ದೆ. ಕಡೀ ಸಲ ಗಂಟಲಾ ಒಣಗಿ ನೀರು ಕುಡಿಯಾಕ ನಳದ ಕಡೆ ಹೋಗಿದ್ದೆ.

ಸಂಜಿಮುಂದ ರಫೀಕನ ಅಂಗಡ್ಯಾಗ ಟಿ.ವಿ. ಮುಂದ ಇಬ್ಬರೂ ಕುಂತ್ವಿ. ಮಾಳವ್ವ ಓಡಿ ಬರಾಕ ಹತ್ತಿದ್ಲು. ಇನ್ನೇನ ಕಾಲು ಹಲಗಿಗೆ ಬಂತು ಅನ್ನೂದ್ರಾಗ ಕ್ಯಾಮೆರಾ ಗರ್ರಂತ ತಿರುಗಿ ಟಿ.ವಿ. ತುಂಬ ನಾನು! ಬಾಯಿ ಬಾವಿಯಷ್ಟು ತೆಗದು, ಕೈ ಮ್ಯಾಲೆತ್ತಿ, ಕಣ್ಣು ಹೊರಗ ಬಂದಾವು. ಎರಡನೇ ಸಲಾನೂ ನಾನು. ಮೂರನೇದೂ ನಾನು.

"ಲೇ ರಫೀಕ, ಆಕಿ ಕಾಲು ತಗಿ ಅಂದ್ರ ನನ್ನ ಬಾಯಿ ತಗದೀಯಲ್ಲೋ!"

"ಏನ ಮಾಡ್ಲಿರಿ ಸರ್? ನೀವು 'ಹಾರ, ಹಾರ' ಅಂತ ಒದರಿದ್ರಿ. ಲಗ್ನದಾಗ ಹಿರ್ಯಾರು ಹಾರ ಅಂದ್ರಂದ್ರ ಅವರ ಕಡೆ ಕ್ಯಾಮೆರಾ ತಿರುಗಬೇಕ್ರಿ. ಮಾಲಿ ಹಾಕೂದು ಒಂದು ತಪ್ಪಿತಂದ್ರ ಬೀಗರು ನನ್ನ ಬಿಡ್ತಾರೇನ್ರಿ? ಕೈ ತಾನ ತಿರುಗತೈತ್ರಿ."

ಸಿಟ್ಟಿಗೆದ್ದು ಹೋಗಬೇಕಂತ ಎದ್ದೆ. ರಫೀಕ, "ಕುಂದರ್ರಿ ಸರ್, ನಿಧಾನ ಓಡಸ್ತೀನಿ, ಕಾಲು ಸಿಕ್ರೂ ಸಿಗಬಹುದು" ಅಂದ. ಓಡಿಸಿದ. ಕ್ಯಾಮೆರಾ ತಿರುಗೂ ಮೊದಲ ಕಣ್ಣುಮುಚ್ಚಿ ತೆಗೆಯೂಷ್ಟು ಹೊತ್ತು ಒಂದು ಮೂಲ್ಯಾಗ ಮಾಳವ್ವ ಕಾಣ್ತಾಳ. ನನ್ನ "ಹಾ" ಅನ್ನೂ ದನಿ ಬರ್ತೈತಿ. ಆಕಿ ಬೆಚ್ಚಿ ನನ್ನ ಕಡೆ ಹೊಳ್ಳಿ ನೋಡ್ತಾಳ. ಇಳಿಯಾಕ ಹತ್ತಿದ ಕಾಲು ಗಾಬರ್ಯಾಗಿ ಮುಂದಕ್ಕ ಚಾಚತೈತಿ. ಫೌಲು. ಹತ್ತಕ್ಕ ಹತ್ತೂ ಹಂಗ.

ಹನ್ನೊಂದನೇದು ಬಂತು. ಒದರೂ ದನಿ ಇಲ್ಲ. ಕ್ಯಾಮೆರಾ ಅಳ್ಳಾಡಲಿಲ್ಲ. ಮಾಳವ್ವನ ಕಾಲು ಹಲಗಿ ನಟ್ಟನಡುವ ಇಳೀತು, ಹಾರಿದ್ಲು, ಉಸುಕಿನ್ಯಾಗ ಆ ಕಡೀತನಕ ಹೋಗಿ ಬಿದ್ಲು.

ರಫೀಕ ರಿಮೋಟ್ ಕೆಳಗಿಟ್ಟ. "ಹುಡುಗಿ ಕಾಲು ಬೇಷ್ ಐತ್ರಿ ಸರ್" ಅಂದ. ನನಗ ನಾಚಿಕಿ ಆತು. ಎರಡು ವರ್ಷ ಆ ಕೂಸಿಗೆ ಬೈದದ್ದೆಲ್ಲಾ ನೆನಪಾತು. "ಅಳಿಸಿಬಿಡಪಾ ಇದನ್ನ" ಅಂದೆ.

ಮರುದಿನ ಮಾಳವ್ವಗ ಹೇಳಿದೆ: "ನಿನ್ನ ತಪ್ಪು ಕ್ಯಾಮೆರಾಕ್ಕ ಸಿಕ್ಕೇತಿ. ನಾ ಸರಿ ಮಾಡ್ತೀನಿ, ನೀ ಸುಮ್ನ ಓಡು."

"ಏನ್ರಿ ಸರ್ ಅದು ತಪ್ಪು?"

"ಅದು ವೈಜ್ಞಾನಿಕ. ನಿನಗ ತಿಳಿಯೂದಿಲ್ಲ."

ಜಿಲ್ಲಾ ಆಟದ ದಿನ ಹಲಗಿ ಬಾಜೂಕ ನಿಂತೆ. ಬಾಯಿ ನನ್ನ ಮಾತು ಕೇಳೂದಲ್ಲ ಅಂತ ಗೊತ್ತಿತ್ತು. ಬುತ್ತಿಯೊಳಗಿನ ಶೇಂಗಾ ಹೋಳಗಿ ಒಂದು ಇಡೀದು ಬಾಯಾಗ ತುರುಕ್ಕೊಂಡೆ. ತಿಂದವರಿಗೆ ಗೊತ್ತು, ಆ ಹೂರಣ ಅಂಗುಳಕ್ಕ ಹತ್ತಿತಂದ್ರ ಮಂತ್ರಿ ಎದುರಿಗೆ ಬಂದ್ರೂ ನಮಸ್ಕಾರ ಅನ್ನಾಕ ಬರೂದಿಲ್ಲ. ಮಾಳವ್ವ ಓಡಿ ಬಂದ್ಲು. ನನ್ನ ಗಂಟಲದಾಗ "ಹಾರ" ಬಂತು, ಹೋಳಗಿ ಬಿಡಲಿಲ್ಲ. ಪಂಚರು ಫೌಲ್ ಅಲ್ಲ ಅಂತ ಬಿಳಿ ನಿಶಾನಿ ಎತ್ತಿದ್ರು. ಆಕಿ ಗೆದ್ಲು.

ಗೆದ್ದಾಕಿ ಹಾಸ್ಟೆಲ್ಲಿಗೆ ಹೋದ್ಲು. ಸಾಲ್ಯಾಗ ಸನ್ಮಾನ ಯಾರಿಗಪಾ ಅಂದ್ರ ನನಗ! 'ವೈಜ್ಞಾನಿಕ ತರಬೇತಿ' ಕೊಟ್ಟದ್ದಕ್ಕ. ಹೆಡ್ ಮಾಸ್ತರು "ಹಾರ ತರ್ರಿ, ಹಾರ" ಅಂದ್ರು. ರಫೀಕನ ಕ್ಯಾಮೆರಾ ಬರೋಬ್ಬರಿ ತಿರುಗಿತು. ನಾನು ಆ ಹಾರ ಕೊಳ್ಳಾಗ ಹಾಕ್ಕೊಂಡು ಫ್ರೇಮ್ ರೇಟ್ ಬಗ್ಗೆ ಅರ್ಧ ತಾಸು ಭಾಷಣ ಬಿಗದೆ. ರಫೀಕ ನನ್ನ ಮಾರಿ ನೋಡಲಿಲ್ಲ, ನಾ ಅವನದು ನೋಡಲಿಲ್ಲ.

ಐತ್ವಾರ ಸ್ಟ್ಯಾಂಡಿನ ಮ್ಯಾಲಿನ ಟಾವೆಲ್ ತಗದು, ಸ್ಟ್ಯಾಂಡನ್ನ ಹೆಗಲಿಗೇರಿಸಿ ಟಿಕೋಟಾ ಬಸ್ ಹತ್ತಿದೆ. ಮೈದಾನದಾಗ ಹುಡಿಗ್ಯಾರು ಸಾಲಾಗಿ ಕುಂತಿದ್ರು. ಮಾಳವ್ವ ಕಾಲಿಗೆ ಬಿದ್ದು, "ಹೇಳ್ರಿ ಸರ್, ನನ್ನ ತಪ್ಪು ಏನಿತ್ತು?" ಅಂದ್ಲು. ಸುಳ್ಳು ನಾಲಿಗಿ ತುದಿಯೊಳಗ ತಯಾರಿತ್ತು. ಆದ್ರ ಆ ಸಣ್ಣ ಸಣ್ಣ ಮಾರಿ ಕಂಡು ಅದು ಹೊರಗ ಬರಲಿಲ್ಲ.

"ನಿಂದೇನೂ ತಪ್ಪಿರಲಿಲ್ಲವಾ. ನಾ ಒದರೂದು ತಪ್ಪಿತ್ತು. ಅದನ್ನ ನಿನಗ ಹೇಳಲಿಲ್ಲ, ಅದು ಇನ್ನೂ ದೊಡ್ಡ ತಪ್ಪು."

ಮಾಳವ್ವ ನಕ್ಕಳು. "ನನಗ ಗೊತ್ತೈತ್ರಿ ಸರ್. ಅವತ್ತ ನೀವು ನೀರು ಕುಡಿಯಾಕ ಹೋದಾಗ ಗೊತ್ತಾತ್ರಿ."

"ಮತ್ತ ಯಾಕ ಹೇಳಲಿಲ್ಲ ಬೇ?"

"ಹೆಂಗ ಹೇಳೂದ್ರಿ? ನಾ ಹಾರಬೇಕಂತ ಒದರಾವ್ರು ಊರಾಗ ನೀವೊಬ್ಬರ ಇದ್ರಿ."

ಆಕಿ ಬ್ಯಾಗಿನ್ಯಾಗಿಂದ ಡಬ್ಬಿ ತಗದು, "ಹುಡಿಗ್ಯಾರು ಓಡಾಕ ಹತ್ತತಾರ, ಮೊದಲ ಬಾಯಿ ತೆಗೀರಿ" ಅಂತ ಶೇಂಗಾ ಹೋಳಗಿ ಕೊಟ್ಟಳು. ಕಣ್ಣು ಒರಸ್ಕೊಂಡು, ಅರ್ಧ ಮುರದು ಬಾಯಾಗ ಹಾಕ್ಕೊಂಡು ಹಲಗಿ ಬಾಜೂಕ ನಿಂತೆ. ಒಬ್ಬ ಹುಡುಗಿ ಗಾಳಿಯಂಗ ಓಡಿ ಬಂದ್ಲು. ಕಾಲು ಇನ್ನೇನ ಹಲಗಿಗೆ ಬೀಳಬೇಕು, ನನ್ನ ಬಾಜೂಕ ಸಿಡ್ಲು ಹೊಡದಂಗ ದನಿ ಬಂತು: "ಹಾರ! ಹಾರ ಬೇ!"

ಹುಡುಗಿ ಬೆಚ್ಚಿ ಈ ಕಡೆ ನೋಡಿದ್ಲು. ಕಾಲು ಹಲಗಿ ದಾಟಿ ಬಿತ್ತು.

ಮಾಳವ್ವ ಒದರಾಕ ಬಾಯಿ ತೆಗದಾಕಿ ಹಂಗ ನಿಂತಿದ್ಲು. ಏನರ ಅನ್ನಾಕ ನನ್ನ ಬಾಯಿ ಖಾಲಿ ಇರಲಿಲ್ಲ. ಕೈಯಾಗ ಉಳಿದಿದ್ದ ಅರ್ಧ ಹೋಳಗಿ ಆಕಿ ಮುಂದ ಹಿಡದೆ.