ಕಾರು ತರಲು ಹೋದ ಕ್ಲಚ್ಚಕ್ಕ

ಅವಳಿಗೆ ಸ್ವಂತ ಹೆಸರೊಂದಿದೆ ಅನ್ನುವುದು ಊರಿನಲ್ಲಿ ಹೆಚ್ಚಿನವರಿಗೆ ಮರೆತೇ ಹೋಗಿತ್ತು. ಎಲ್ಲರಿಗೂ ಅವಳು ಕ್ಲಚ್ಚಕ್ಕ. ಬೆಳಗಾಗುತ್ತಲೇ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಒಂದು ಬಿಳಿ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತ ಬರುವುದು, ಅದರ ಕಿಟಕಿಯಿಂದ "ಕ್ಲಚ್ಚು, ಕ್ಲಚ್ಚು, ಅಯ್ಯೋ ಮಾರಾಯ, ಕ್ಲಚ್ಚು" ಅನ್ನುವ ದನಿ ಕೇಳುವುದು, ಹಾಲಿನವನು ಸೈಕಲ್ಲನ್ನು ಗೋಡೆಗೆ ಒರಗಿಸಿ ತಾನೂ ಗೋಡೆಗೆ ಒರಗಿ ನಿಲ್ಲುವುದು, ಇಷ್ಟೂ ಆ ರಸ್ತೆಯಲ್ಲಿ ದಿನವೂ ನಡೆಯುವ ಸಂಗತಿ. ಹಲ್ಲಿನ ಡಾಕ್ಟರಿಗೆ, ಅವರ ಹೆಂಡತಿಗೆ, ಆಮೇಲೆ ಅವರ ಮಗಳಿಗೆ ಕಾರು ಕಲಿಸಿದವಳು ಅವಳೇ. ಲೈಸೆನ್ಸ್ ಪರೀಕ್ಷೆ ಮಾಡುವ ಅಧಿಕಾರಿ ಕೂಡ ಅವಳ ಕೈಕೆಳಗೆ ಕಲಿತವನಾದ್ದರಿಂದ ಅವಳನ್ನು ಕಂಡರೆ ಈಗಲೂ ಎಡಗಾಲು ಮುದುಡಿಕೊಳ್ಳುತ್ತಿದ್ದ.

ಮೊದಲು ಅವಳು ಒಂದು ಬೇಕರಿಯ ವ್ಯಾನು ಓಡಿಸುತ್ತಿದ್ದಳು. ಬೇಕರಿಯ ಯಜಮಾನಿ ತನಗೂ ಕಲಿಸು ಎಂದು ಗಂಟುಬಿದ್ದಳು. ಬ್ರೆಡ್ಡಿನ ಟ್ರೇಗಳ ಮಧ್ಯೆ ಕೂತು ಆಕೆ ಕಲಿತದ್ದನ್ನು ಕಂಡು ಅಕ್ಕಪಕ್ಕದ ಅಂಗಡಿಯವರು ಬಂದರು. ಹಾಗೆ ಶುರುವಾದದ್ದು ಡ್ರೈವಿಂಗ್ ಸ್ಕೂಲು. ಆಫೀಸಿನ ಕೆಲಸ ತಂಗಿಯದು. ಫೋನು ಎತ್ತುವುದು, ಯಾರಿಗೆ ಯಾವ ಹೊತ್ತು ಎಂದು ಗೊತ್ತುಮಾಡುವುದು, ಕಲಿಯಲು ಬಂದವರು ಅಕ್ಕನ ಬಾಯಿಗೆ ಹೆದರಿ ಅಳುಮುಖ ಮಾಡಿಕೊಂಡು ಇಳಿದರೆ ಅವರಿಗೊಂದು ಲೋಟ ಚಹಾ ಕೊಟ್ಟು ಸಮಾಧಾನ ಹೇಳುವುದು, ಎಲ್ಲ ತಂಗಿಯೇ. ಗಂಡಂದಿರು ಇಬ್ಬರಿಗೂ ಇದ್ದರು, ಆದರೆ ಅವರು ಈ ವ್ಯವಹಾರಕ್ಕೆ ತಲೆಹಾಕುತ್ತಿರಲಿಲ್ಲ. ಹಾಕಹೋದರೂ ಅಕ್ಕತಂಗಿಯರು ಹಾಕಗೊಡುತ್ತಿರಲಿಲ್ಲ.

ಬಿಳಿ ಕಾರಿನ ಗೇರುಪೆಟ್ಟಿಗೆ ಕೈಕೊಟ್ಟಾಗ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ, "ಕ್ಲಚ್ಚಕ್ಕ, ಇನ್ನು ಇದರ ಸಾಮಾನು ಬರಲ್ಲ. ಕಂಪನಿಯವರೇ ನಿಲ್ಲಿಸಿಬಿಟ್ಟಿದ್ದಾರೆ" ಎಂದ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ತಂಗಿ ಮಾತ್ರ ಕಾಯುತ್ತಿದ್ದವಳ ಹಾಗೆ, "ಕರೆಂಟ್ ಗಾಡಿ ತಗೊಳ್ಳೋಣ ಅಕ್ಕ. ಫೋನ್ ಮಾಡೋರೆಲ್ಲ ಅದನ್ನೇ ಕೇಳ್ತಿದ್ದಾರೆ" ಅಂದಳು. ಅಕ್ಕ ಹೂಂ ಅಂದಳು. ಬಣ್ಣ ನೀಲಿಯಾ ಅಂದರೂ ಹೂಂ, ಬೂದಿಯಾ ಅಂದರೂ ಹೂಂ. ಬೇಕಾದವರು ಕಾರ್ಖಾನೆಗೇ ಬಂದು, ಕಾರು ಹೇಗೆ ತಯಾರಾಗುತ್ತದೆ ಎಂದು ನೋಡಿ, ತಮ್ಮ ಗಾಡಿಯನ್ನು ಅಲ್ಲಿಂದಲೇ ಓಡಿಸಿಕೊಂಡು ಹೋಗಬಹುದಂತೆ ಅಂದದ್ದಕ್ಕೂ ಹೂಂ. ಆಮೇಲೆ ತಂಗಿ ಮಲಗಲು ಎದ್ದಾಗ ಅಕ್ಕ ಕೇಳಿದಳು, "ಅದಕ್ಕೆ ಕ್ಲಚ್ಚು ಇರಲ್ಲ ಅಲ್ವಾ?"

"ಇರಲ್ಲ."

"ಮತ್ತೆ ಎಡಗಾಲಿಗೆ ಏನು ಕೆಲಸ?"

ತಂಗಿ ದೀಪ ಆರಿಸಿದಳು.

ಕಾರ್ಖಾನೆ ಊರಾಚೆ, ರೈಲಿನಲ್ಲಿ ಒಂದಷ್ಟು ದೂರ. ಹೊರಗಿನಿಂದ ನೋಡಿದರೆ ಉದ್ದಕ್ಕೆ ಮಲಗಿದ ಬಿಳಿ ಪೆಟ್ಟಿಗೆ. ಹೊಗೆಯಿಲ್ಲ, ಕೊಳವೆಯಿಲ್ಲ, ಗದ್ದಲವಿಲ್ಲ. ಕ್ಲಚ್ಚಕ್ಕ ಬಾಗಿಲಲ್ಲೇ ನಿಂತು, "ಇವತ್ತು ರಜಾನಾ?" ಎಂದು ಕೇಳಿದಳು. ಸ್ವಾಗತದವಳು ನಕ್ಕು, ಇಬ್ಬರಿಗೂ ಮಿರುಗುವ ಹಳದಿ ಜಾಕೀಟು ಕೊಟ್ಟಳು. ಜೊತೆಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರವೊಂದನ್ನು ಕೊಟ್ಟು, ಒಳಗೆ ಸದ್ದಿರುತ್ತದೆ, ತೋರಿಸುವವರ ಮಾತು ಇದರಲ್ಲೇ ಕೇಳುತ್ತದೆ ಎಂದಳು. ಆ ಬುಟ್ಟಿಯಲ್ಲಿದ್ದ ಯಂತ್ರಗಳೆಲ್ಲ ಒಂದೇ ದನಿಗೆ ಹೊಂದಿಸಿದವು ಎಂದು ಅವಳೂ ನಂಬಿದ್ದಳು. ಆದರೆ ಕ್ಲಚ್ಚಕ್ಕನ ಪಾಲಿಗೆ ಬಂದದ್ದು ಬೇರೆ ಗುಂಪಿನದು. ಅದೇ ದಿನ ಕಾರ್ಖಾನೆಗೆ ಹೊಸದಾಗಿ ಕೆಲಸಕ್ಕೆ ಸೇರಿದವರನ್ನೂ ಒಳಗೆ ಸುತ್ತಿಸುತ್ತಿದ್ದರು. ಅವರಿಗೆ ವಿವರಿಸುತ್ತಿದ್ದವನ ದನಿ ನೇರವಾಗಿ ಇವಳ ಕಿವಿಗೆ ಬೀಳತೊಡಗಿತು.

ಕಾರು ಕೊಳ್ಳಲು ಬಂದವರ ಮುಂದೆ ನಡೆಯುತ್ತಿದ್ದದ್ದು ಚುರುಕಾದ ಒಬ್ಬ ಹುಡುಗಿ. ಬಾಯಿಯ ಬಳಿ ಪುಟ್ಟ ಮೈಕು. ಅವಳು ಕೈಯೆತ್ತಿ ತೋರಿಸಿದ ಕಡೆ ಕಿತ್ತಳೆ ಬಣ್ಣದ ಯಂತ್ರದ ತೋಳುಗಳು ಬಗ್ಗಿ, ಎದ್ದು, ಕಿಡಿ ಹಾರಿಸಿ, ಮತ್ತೆ ಬಗ್ಗುತ್ತಿದ್ದವು. ಕ್ಲಚ್ಚಕ್ಕನ ಕಿವಿಯಲ್ಲಿ ಒಂದು ಮೆದು ಗಂಡುದನಿ ಹೇಳಿತು, "ಬಗ್ಗಿ ಏಳೋ ಕೆಲಸ ಜಾಸ್ತಿ. ಸೊಂಟ ನೋವು ಬಂದ್ರೆ ಮುಚ್ಚಿಡಬೇಡಿ, ನರ್ಸ್ ಹತ್ತಿರ ಹೋಗಿ."

ಅವಳು ಯಂತ್ರದ ತೋಳನ್ನು ನೋಡಿದಳು. ಇದಕ್ಕೂ ಸೊಂಟನೋವೇ?

ಇನ್ನೊಂದು ತಿರುವಿನಲ್ಲಿ ಮೇಲಿನಿಂದ ಕಾರಿನ ಮೈ ಇಳಿದು ಬರುತ್ತಿತ್ತು, ಕೆಳಗಿನಿಂದ ಹಾಸುಗಲ್ಲಿನಂಥ ಬ್ಯಾಟರಿ ಏರಿ ಬರುತ್ತಿತ್ತು. ಎರಡೂ ಕೂಡಿಕೊಂಡಾಗ ಸುತ್ತಲಿದ್ದವರು ಆಹಾ ಅಂದರು. ತಂಗಿ ಫೋಟೋ ತೆಗೆದದ್ದೇ ತೆಗೆದದ್ದು. "ಇಲ್ಲಿ ಮದುವೆ ಆಗುತ್ತಂತೆ ಅಕ್ಕ, ಇವರು ಹಾಗೇ ಕರೀತಾರಂತೆ" ಎಂದು ಅಕ್ಕನ ಭುಜ ತಟ್ಟಿ ಕೂಗಿದಳು. ಕಿವಿಯೊಳಗಿನ ದನಿ ಅದೇ ಹೊತ್ತಿಗೆ, "ಇಬ್ಬರು ಒಂದೇ ಕಪಾಟು ಹಂಚಿಕೊಳ್ಳಬೇಕು, ಜಗಳ ಆಡಬೇಡಿ" ಎಂದಿತು.

ಯಾರನ್ನಾದರೂ ಕೇಳಬಹುದಿತ್ತು. ಆದರೆ ಪಾಠದ ಮಧ್ಯೆ ಬಾಯಿ ಹಾಕುವವರನ್ನು ಕಂಡರೆ ಜೀವಮಾನವಿಡೀ ಅವಳಿಗೆ ಆಗುತ್ತಿರಲಿಲ್ಲ. ಅದಲ್ಲದೆ, ಕರೆಂಟ್ ಗಾಡಿ ಎಂದಮೇಲೆ ತನಗೆ ಅರ್ಥವಾಗದ್ದೇ ಹೆಚ್ಚು ಇರುತ್ತದೆ ಎಂದು ಮನೆಯಿಂದಲೇ ಸಿದ್ಧಳಾಗಿ ಬಂದಿದ್ದಳು. ಎಂಜಿನ್ನೇ ಇಲ್ಲದ ಗಾಡಿಗೆ ಕಪಾಟಿನ ಜಗಳ ಇದ್ದರೆ ಇರಬಹುದು. ಅವಳು ತಲೆಯಾಡಿಸುತ್ತ, ಹಳದಿ ಗೆರೆಯ ಮೇಲೆ ಹೆಜ್ಜೆ ಹಾಕುತ್ತ ನಡೆದಳು. ಒಳಗೆ ಮಾತ್ರ, ಇಳಿಜಾರಿನಲ್ಲಿ ಬ್ರೇಕು ಸಿಗದವಳ ಹಾಗೆ ದಿಗಿಲು.

ದಾರಿಗಳು ಕೂಡುವಲ್ಲಿ ಎದುರಿನಿಂದ ಇನ್ನೊಂದು ಗುಂಪು ಬಂತು. ಅವರದೂ ಅದೇ ಹಳದಿ ಜಾಕೀಟು. ತಂಗಿ ಒಂದು ಬಾಗಿಲಿಲ್ಲದ ಕಾರಿನ ಫೋಟೋ ತೆಗೆಯುತ್ತಿದ್ದಳು. "ಈಗ ಎಲ್ಲರೂ ಎಡಕ್ಕೆ ಬನ್ನಿ, ಗೋಡೆ ಹತ್ತಿರ ಕೈಗವಸು ಇದೆ, ಹಾಕಿಕೊಳ್ಳಿ" ಎಂದಿತು ಕಿವಿಯ ದನಿ. ನೋಡಿದರೆ ಜನ ನಿಜವಾಗಿಯೂ ಎಡಕ್ಕೆ ತಿರುಗುತ್ತಿದ್ದರು, ಗೋಡೆಯ ಹತ್ತಿರ ಕೈಗವಸೂ ಇತ್ತು. ಬೆಳಗಿನಿಂದ ಮೊದಲ ಸಲ ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಯಿತು. ಹೋದ ಜೀವ ಬಂದಂತಾಗಿ ಅವಳು ಎಡಕ್ಕೆ ನಡೆದುಬಿಟ್ಟಳು.

ಒಳಗೊಂದು ದೊಡ್ಡ ಕೋಣೆ, ಸಾಲಾಗಿ ಬಾಗಿಲು ಕಳಚಿದ ಕಾರಿನ ಮೈಗಳು. ಬಾಗಿಲ ಬಳಿ ಮೇಜಿನ ಹಿಂದೆ ಕೂತಿದ್ದ ಹೆಂಗಸು ಹೆಸರು ಕೇಳಿದಳು, ಪರದೆಯಲ್ಲಿ ಹುಡುಕಿದಳು. "ನಿಮ್ಮ ಹೆಸರು ಬಂದಿಲ್ಲ. ಇವತ್ತು ಬೆಳಗ್ಗೆ ಸೇರಿಸಿರಬೇಕು ಬಿಡಿ" ಎಂದು ತಾನೇ ಸಮಾಧಾನ ಮಾಡಿಕೊಂಡು ಫೋನ್ ನಂಬರು ಬರೆದುಕೊಂಡಳು. ಕ್ಲಚ್ಚಕ್ಕ ಒಳಗೆ ಹೋಗಿ ನೋಡಿದಳು. ಕಿವಿಯಲ್ಲಿದ್ದ ದನಿಯ ಮನುಷ್ಯ ಎದುರಿಗೇ ನಿಂತಿದ್ದ. ಗಿಡ್ಡಗೆ, ನರೆತ ಮೀಸೆ. ಅವನ ತುಟಿ ಅಲ್ಲಾಡಿದ ಹಾಗೆಯೇ ಇವಳ ಕಿವಿಯಲ್ಲಿ ಮಾತು. ಅಬ್ಬಾ ಅನ್ನಿಸಿತು.

ಅವನು ಬಾಗಿಲಿನ ಚೌಕಟ್ಟಿಗೆ ಕಪ್ಪು ರಬ್ಬರಿನ ಪಟ್ಟಿ ಕೂರಿಸುವುದನ್ನು ತೋರಿಸಿದ. ಮಳೆನೀರು, ಗಾಳಿ ಒಳಗೆ ಬಾರದ ಹಾಗೆ ಹಾಕುವ ಪಟ್ಟಿ. ಮೊದಲು ಮೂಲೆಗಳನ್ನು ಒತ್ತಬೇಕು, ಆಮೇಲೆ ನೇರ ಜಾಗ. ಇಬ್ಬಿಬ್ಬರು ಒಂದೊಂದು ಗಾಡಿಗೆ. ಕ್ಲಚ್ಚಕ್ಕನ ಜೊತೆಗೆ ಬಿದ್ದವನು ನಡುವಯಸ್ಸಿನ ಒಬ್ಬ ಆಳು, ಮುಂಗೈಯಲ್ಲಿ ಸುಟ್ಟ ಚುಕ್ಕಿಗಳು.

ಕೊಳ್ಳಲು ಬಂದವರ ಕೈಯಲ್ಲಿ ಸ್ವಲ್ಪ ಕೆಲಸ ಮಾಡಿಸುವುದೂ ಇವರ ಒಂದು ಸಂಭ್ರಮವಿರಬೇಕು ಎಂದುಕೊಂಡು ಅವಳು ಪಟ್ಟಿ ಹಿಡಿದಳು. ಒಂದು ಮೂಲೆ ಕೂತಿತು. ಮುಂದಿನದನ್ನು ಒತ್ತುವಷ್ಟರಲ್ಲಿ ಮೊದಲಿನದು ಟಪ್ಪೆಂದು ಎದ್ದು ಬಂತು. ಮತ್ತೆ ಒತ್ತಿದಳು, ಮತ್ತೆ ಟಪ್ಪೆಂದಿತು. ಗಿಡ್ಡ ಮನುಷ್ಯ ಪಕ್ಕಕ್ಕೆ ಬಂದು ನಿಂತ.

"ಎಳೀತಿದ್ದೀರಿ. ಎಳೀಬೇಡಿ, ಒತ್ತಿ."

"ಒತ್ತುತಾ ಇದ್ದೀನಿ."

"ಇಲ್ಲ, ಎಳೀತಿದ್ದೀರಿ. ನಿಮಗೆ ಗೊತ್ತಾಗ್ತಿಲ್ಲ ಅಷ್ಟೇ. ಹೆಬ್ಬೆರಳಲ್ಲಿ. ನಿಧಾನ."

ಅವಳ ಕಿವಿ ಬಿಸಿಯಾಯಿತು. ಒಬ್ಬರು ಪಕ್ಕದಲ್ಲಿ ನಿಂತು ಕೈಯನ್ನೇ ನೋಡುತ್ತಿದ್ದರೆ ಬೆರಳು ಹೀಗೆ ಮಾತು ಕೇಳದೆ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಅಥವಾ ಯಾವಾಗಲೋ ಗೊತ್ತಿದ್ದದ್ದು ಮರೆತಿತ್ತು. ಅವನು ಗದರಲಿಲ್ಲ. ಗದರಿದ್ದರೆ ತಿರುಗಿ ಒಂದು ಮಾತು ಅನ್ನಬಹುದಿತ್ತು.

"ಮೊದಲು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದ.

"ಡ್ರೈವಿಂಗ್ ಹೇಳಿಕೊಡ್ತೀನಿ."

"ಅದನ್ನ ಬಿಟ್ಟು ಬಂದ್ರಾ?"

ಇದೆಂಥ ಪ್ರಶ್ನೆ ಎಂದು ಅವಳಿಗೆ ತಿಳಿಯಲಿಲ್ಲ. ಆದರೆ ಕೆಲವು ವಾರಗಳಿಂದ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಅದನ್ನೇ. "ಈ ಗಾಡಿಗಳಿಗೆ ಕ್ಲಚ್ಚೇ ಇಲ್ವಲ್ಲ" ಎಂದಳು.

ಅವನು ಮೆಲ್ಲಗೆ ತಲೆದೂಗಿ ಮುಂದಿನ ಗಾಡಿಗೆ ಹೋದ. ಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದವನು, ಅಲ್ಲಿಯವರೆಗೆ ತುಟಿ ಬಿಚ್ಚದವನು, ಆಗ ಮಾತಾಡಿದ. "ನಾನು ಸೈಲೆನ್ಸರ್ ವೆಲ್ಡಿಂಗ್ ಮಾಡ್ತಿದ್ದೆ. ಊರಿನ ಗಾಡಿಯೆಲ್ಲ ನನ್ನ ಹತ್ತಿರಾನೇ ಬರ್ತಿತ್ತು. ಇವಕ್ಕೆ ಸೈಲೆನ್ಸರೂ ಇಲ್ಲ." ಪಟ್ಟಿ ನೇರ ಮಾಡುತ್ತ ಕೇಳಿದ, "ನಿಮಗೆ ಭಯ ಆಗ್ತಿದ್ಯಾ?"

"ಯಾಕೆ?"

"ನನಗೆ ಆಗ್ತಿದೆ. ಈ ವಯಸ್ಸಲ್ಲಿ ಹೊಸದಾಗಿ ಕಲಿಯೋದು ಅಂದ್ರೆ."

ಆಗ ಅವಳಿಗೆ ಏನೋ ಎಡವಟ್ಟಾಗಿದೆ ಎಂಬ ಅನುಮಾನ ಮೊಳೆಯಿತು. ಆದರೆ ಅವನು ಮೂಲೆ ಒತ್ತಿ ಹಿಡಿದು ಇವಳಿಗಾಗಿ ಕಾಯುತ್ತಿದ್ದ. ನಾನು ನಿಮ್ಮ ಹಾಗಲ್ಲ, ಕಾರು ಕೊಳ್ಳಲು ಬಂದವಳು ಎಂದು ಆ ಮುಖ ನೋಡಿ ಹೇಳಲು ನಾಲಿಗೆ ಏಳಲಿಲ್ಲ. "ಸ್ವಲ್ಪ ಆಗ್ತಿದೆ" ಎಂದಳು. ಇಬ್ಬರೂ ಸೇರಿ ಒತ್ತಿದರು. ಈ ಸಲ ಮೂಲೆ ಎದ್ದು ಬರಲಿಲ್ಲ.

ಅಷ್ಟರಲ್ಲಿ ಗೋಡೆಯ ಸ್ಪೀಕರು ಕರಕರ ಅಂದಿತು. ತಂಗಿ ಅಕ್ಕನನ್ನು ಕಾಣದೆ ಕಂಗಾಲಾಗಿ ಹೆಸರು ಕೇಳಿದವರಿಗೆ ಬಾಯಿಗೆ ಮೊದಲು ಬಂದ ಹೆಸರನ್ನೇ ಹೇಳಿದ್ದಳು. "ಕ್ಲಚ್ಚಕ್ಕ ಎಲ್ಲಿದ್ದರೂ ಕೂಡಲೇ ಮುಂಬಾಗಿಲಿಗೆ ಬರಬೇಕು" ಎಂದು ಕಾರ್ಖಾನೆಗೆಲ್ಲ ಕೇಳುವ ಹಾಗೆ ಹೇಳಿದರು. ಕೆಲಸ ಮಾಡುತ್ತಿದ್ದವರು ಮುಖ ಮುಖ ನೋಡಿಕೊಂಡರು. ಗಿಡ್ಡ ಮನುಷ್ಯ, "ಕ್ಲಚ್ಚಾ? ಈ ಕಾರ್ಖಾನೆಯಲ್ಲಿ ಎಲ್ಲಿಂದ ಬಂತು?" ಎಂದು ಗೊಣಗಿದ. ಕ್ಲಚ್ಚಕ್ಕ ಕೈಗವಸು ಕಳಚಿ ಕಾರಿನ ಮೇಲಿಟ್ಟು, ವೆಲ್ಡಿಂಗಿನವನಿಗೆ "ಬರ್ತೀನಿ" ಎಂದಷ್ಟೇ ಹೇಳಿ ಹೊರಗೆ ನಡೆದಳು. ಅವನು ಶೌಚಕ್ಕೆ ಹೋಗುತ್ತಾಳೆಂದು ತಿಳಿದಿರಬೇಕು. ಹೂಂ ಎಂದು ಪಟ್ಟಿಯ ಎರಡೂ ತುದಿ ತಾನೇ ಹಿಡಿದುಕೊಂಡ.

ತಂಗಿಯ ಮುಖ ಬಿಳಿಚಿಕೊಂಡಿತ್ತು. "ಎಲ್ಲಿ ಹಾಳಾಗಿ ಹೋಗಿದ್ದೆ?"

"ರಬ್ಬರ್ ಕೂರಿಸ್ತಿದ್ದೆ."

"ಯಾವ ರಬ್ಬರು?"

"ದಾರೀಲಿ ಹೇಳ್ತೀನಿ, ನಡಿ" ಎಂದಳು. ಚುರುಕಿನ ಹುಡುಗಿ ಇವಳ ಕಿವಿಯ ಯಂತ್ರ ತೆಗೆದು ತಾನು ಹಾಕಿಕೊಂಡು ಕೇಳಿ, ಕೈಯಿಂದ ಬಾಯಿ ಮುಚ್ಚಿಕೊಂಡಳು.

ಗಾಡಿ ಬಿಸಿಲಿನಲ್ಲಿ ನಿಂತಿತ್ತು. ಬೂದಿ ಬಣ್ಣ. ಕಲಿಸುವವಳು ಕೂರುವ ಕಡೆ ಕಾಲಕೆಳಗೆ ಒಂದೇ ಒಂದು ಪೆಡಲು, ಬ್ರೇಕಿನದು, ಬೇರೆಯಾಗಿ ಹಾಕಿಸಿದ್ದು. ಕ್ಲಚ್ಚಕ್ಕ ಓಡಿಸುವವರ ಸೀಟಿನಲ್ಲಿ ಕೂತು ಕಾದಳು.

"ಆನ್ ಮಾಡೋದು ಹೇಗೆ?"

"ಆಗಿದೆ ಮೇಡಂ" ಎಂದಳು ಚುರುಕಿನ ಹುಡುಗಿ.

"ಯಾವಾಗ?"

"ನೀವು ಕೂತು ಬ್ರೇಕ್ ಒತ್ತಿದಾಗಲೇ."

ಅವಳು ಕಿವಿಗೊಟ್ಟು ಕೇಳಿದಳು. ಏನೂ ಇಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ತಿಳಿಯದ ಮಗುವಿನ ಪಕ್ಕ ಕೂತ ಹಾಗಿತ್ತು. ಹೊರಡುವಾಗ ಎಡಗಾಲು ಹಳೆಯ ಚಾಳಿಯಲ್ಲಿ ಮುಂದೆ ಹೋಗಿ ಬ್ರೇಕನ್ನೇ ಮೆಟ್ಟಿತು. ತಂಗಿಯ ಹಣೆ ಡ್ಯಾಶ್‌ಬೋರ್ಡಿಗೆ ಮುಟ್ಟುವುದೊಂದು ಬಾಕಿ. ಆಮೇಲೆ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು ಊರು ಮುಟ್ಟಿಸಿದಳು. ದಾರಿಯಲ್ಲಿ ಎಲ್ಲ ಹೇಳಿದಳು. ತಂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕನೂ ನಕ್ಕಳು, ಆದರೆ ವೆಲ್ಡಿಂಗಿನವನ ವಿಷಯ ಬಂದಾಗ ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.

ಮರುದಿನ ಆಫೀಸಿನ ಮುಂದೆ ಹೊಸ ಗಾಡಿಯಲ್ಲಿ ಮೊದಲ ಪಾಠಕ್ಕೆ ಬಂದ ಅಂಚೆಯವಳು ಸ್ಟೀರಿಂಗ್ ಹಿಡಿದು ಕೂತಿದ್ದಳು. ಕ್ಲಚ್ಚಕ್ಕ ಏನು ಹೇಳಿ ಶುರುಮಾಡಲಿ ಎಂದು ಯೋಚಿಸುತ್ತಿರುವಾಗ ಫೋನು ಬಂತು. ಅದೇ ಮೆದು ದನಿ.

"ಇವತ್ತು ನೀವು ಬರಲಿಲ್ಲ. ನಿನ್ನೆ ನಾನು ಎಲ್ಲರ ಮುಂದೆ ಹೇಳಿದ್ದಕ್ಕೆ ಬೇಜಾರಾಯ್ತೇನೋ ಅಂದ್ಕೊಂಡೆ. ಹೊಸದರಲ್ಲಿ ಎಲ್ಲರಿಗೂ ಹಾಗೇ ಆಗೋದು. ನಾಳೆ ಬನ್ನಿ, ಪರವಾಗಿಲ್ಲ."

ಇದು ತಂಗಿ ಚಹಾ ಕೊಡುತ್ತ ಜನರಿಗೆ ಹೇಳುವ ಮಾತು. ತನಗೆ ಯಾರೂ ಹೇಳಿರಲಿಲ್ಲ. ಅವಳು ಗಾಡಿಯಿಂದ ಇಳಿದು ಸ್ವಲ್ಪ ದೂರ ಹೋಗಿ ನಿಂತಳು. "ಹಾಗಲ್ಲ, ನಾನು ಗಾಡಿ ತಗೊಂಡು ಹೋಗೋಕೆ ಬಂದಿದ್ದೆ" ಎಂದಳು.

"ಮತ್ತೆ ಪಟ್ಟಿ ಯಾಕೆ ಕೂರಿಸಿದ್ರಿ?"

"ನೀವು ಹೇಳಿದ್ರಲ್ಲ."

ಅವನು ನಗುತ್ತಾನೆಂದು ಕಾದಳು. ಅವನು ನಗಲಿಲ್ಲ, "ಕೊನೆಯ ಮೂಲೆ ಚೆನ್ನಾಗಿ ಕೂತಿತ್ತು" ಎಂದ.

"ನನ್ನ ಜೊತೆ ಇದ್ರಲ್ಲ, ವೆಲ್ಡಿಂಗಿನವರು, ಅವರು ಬಂದಿದ್ದಾರಾ?"

"ಬಂದಿದ್ದಾರೆ. ನಿಮ್ಮನ್ನ ಕೇಳಿದ್ರು. ಏನು ಹೇಳಲಿ?"

ನಿಜ ಹೇಳಿದರೆ ವೆಲ್ಡಿಂಗಿನವನಿಗೆ ಏನನ್ನಿಸಬಹುದು? ಬೇರೆ ಕೆಲಸ ಸಿಕ್ಕಿತು ಎನ್ನಲೇ? ಹೆದರಿ ಓಡಿಹೋದಳು ಎನ್ನಲೇ? ಯಾವುದೂ ಪೂರ್ತಿ ಸುಳ್ಳಲ್ಲ ಅನ್ನಿಸಿ ಅವಳಿಗೆ ಮತ್ತಷ್ಟು ಗಲಿಬಿಲಿಯಾಯಿತು.

"ಇನ್ನೂ ಕಲೀತಿದ್ದಾಳಂತೆ ಅಂತ ಹೇಳಿ" ಎಂದು ಫೋನು ಇಟ್ಟು, ಅಂಚೆಯವಳ ಪಕ್ಕದಲ್ಲಿ ಬಂದು ಕೂತಳು. ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು, "ಬ್ರೇಕ್ ಒತ್ತಿ. ನಿಧಾನ" ಎಂದಳು.