ಕಲ್ಲುದೊರೆಯ ದುಭಾಷಿ

ನಮ್ಮ ತಾತ ದುಭಾಷಿಯಾಗಿದ್ದರು. ಬೆಟ್ಟಸಾಲಿನ ಕಲ್ಲು ಮಣ್ಣು ಪರೀಕ್ಷಿಸಿ ನಕ್ಷೆ ಬರೆಯಲು ಆಗಿನ ಪರದೇಶಿ ಸರ್ಕಾರ ಹಡಗು ಹತ್ತಿಸಿ ಕರೆಸಿಕೊಂಡಿದ್ದ ಭೂವಿಜ್ಞಾನಿಯೊಬ್ಬನ ಬೆನ್ನಿಗೇ ತಮ್ಮ ಯೌವನವನ್ನೆಲ್ಲ ಕಳೆದರು. ಜನ ಅವನನ್ನು ಕಲ್ಲುದೊರೆ ಎನ್ನುತ್ತಿದ್ದರು. ದೊರೆ ಹೇಳಿದ್ದನ್ನು ಜನರಿಗೂ ಜನ ಹೇಳಿದ್ದನ್ನು ದೊರೆಗೂ ತಲುಪಿಸುವುದು ತಾತನ ಕೆಲಸ. ಎಲ್ಲವನ್ನೂ ತಲುಪಿಸುತ್ತಿರಲಿಲ್ಲ ಅನ್ನಿ. ದೊರೆಗೆ ಕಲ್ಲು ಒಡೆದು, ಮೂಸಿ, ನಾಲಿಗೆಯ ತುದಿಯಿಂದ ನೆಕ್ಕಿ ನೋಡುವ ಅಭ್ಯಾಸವಿತ್ತು. ಅದನ್ನು ಕಂಡ ಮುದುಕಿಯೊಬ್ಬಳು, "ಪಾಪ, ಇವನಿಗೆ ಮನೇಲಿ ಯಾರೂ ಊಟಕ್ಕೆ ಹಾಕಲ್ವೇನಪ್ಪಾ?" ಎಂದಳು. ಏನಂದಳು ಎಂದು ದೊರೆ ಕೇಳಿದ. "ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾಳೆ" ಎಂದರು ತಾತ.

ದೊರೆಯೆಂದರೆ ಅವರಿಗೆ ಪ್ರಾಣ. ಒಮ್ಮೆ ಡೇರೆಯಲ್ಲಿ ಜ್ವರ ಬಂದು ತಾತ ಮೇಲೇಳದಂತಾದಾಗ ಆತ ಬೆಟ್ಟ ಹತ್ತುವುದನ್ನೇ ಬಿಟ್ಟು, ತಾನೇ ಕ್ವಿನೈನ್ ಕುಡಿಸಿ, ಹಣೆಗೆ ಒದ್ದೆಬಟ್ಟೆ ಹಾಕಿ ಕೂತಿದ್ದನಂತೆ. ಒಡಹುಟ್ಟಿದವರೂ ಅಷ್ಟು ಮಾಡುವುದಿಲ್ಲ ಎಂದು ತಾತ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದರು.

ಅಜ್ಜಿಯ ತವರು ಆ ಬೆಟ್ಟಸಾಲಿನ ಬುಡದಲ್ಲಿತ್ತು. ಅಲ್ಲಿ ಬಾವಿ ಆಳ ಮಾಡುವಾಗ ಕರೀ ಕಲ್ಲು ಸಿಕ್ಕಿತು. ಒಲೆಗೆ ಹಾಕಿದರೆ ಉರಿಯಿತು. ತಾತ ಅದರ ಒಂದು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ದೊರೆಯ ಕೈಗಿಟ್ಟರು. ದೊರೆ ತಾನೇ ಬಂದು, ಹಗ್ಗ ಹಿಡಿದು ಬಾವಿಗಿಳಿದು ನೋಡಿಹೋದ. ಮರುವರ್ಷ, ಊರಿನ ಸುತ್ತ ನೆಲ ಕೊರೆದು ನೋಡಬೇಕು, ಯಂತ್ರ ತರುತ್ತೇನೆ ಎಂದ. ಊರವರು ಒಪ್ಪಲಿಲ್ಲ. ಬಲವಂತ ಮಾಡಿದರೆ ಗಲಾಟೆಯಾದೀತೆಂದು ಸರ್ಕಾರಕ್ಕೂ ಅಳುಕು. ಒಪ್ಪಿಸುವ ಹೊಣೆ ತಾತನ ತಲೆಗೆ ಬಂತು.

ಅಜ್ಜಿಯ ಅಪ್ಪನ ಮನೆಯ ಪಡಸಾಲೆಯಲ್ಲಿ ಊರೆಲ್ಲ ಸೇರಿತು. ದೊರೆಗೊಂದು ಕುರ್ಚಿ, ಉಳಿದವರಿಗೆ ನೆಲ. ಇದೆಲ್ಲ ಬರೀ ತಿಳಿವಳಿಕೆಗಾಗಿ, ಊರಿನ ಒಂದು ಗೋಡೆಯೂ ಅಲ್ಲಾಡುವುದಿಲ್ಲ ಎಂದು ದೊರೆ ಹೇಳಿದ. ತಾತ ಕೂಡಲೇ ಅದನ್ನು ಜನರಿಗೆ ಹೇಳಲಿಲ್ಲ. ದೊರೆಯ ಕಡೆಗೇ ತಿರುಗಿ, "ಇದನ್ನು ನಿಮ್ಮ ಮಾತು ಅಂತ ಕೊಡಲೇ? ಇವರು ನನ್ನ ಹೆಂಡತಿಯ ಕಡೆಯವರು" ಎಂದು ಅವನ ಭಾಷೆಯಲ್ಲೇ ಕೇಳಿದರು. "ನನ್ನ ಮಾತು ಅಂತಲೇ ಕೊಡು" ಎಂದ ಅವನು.

ತಾತ ಹೇಳಿದರು. ಮಾವನವರು ಕೇಳಿದರು: "ಅಳಿಯಂದಿರೇ, ಇದು ಅವರ ಮಾತೋ, ನಿಮ್ಮ ಮಾತೋ?"

"ಅವರದೂ ಹೌದು, ನನ್ನದೂ ಹೌದು."

"ಹಾಗಾದ್ರೆ ಇನ್ನೇನು ಯೋಚನೆ."

ಅಜ್ಜಿಯ ತಮ್ಮ ತಾನೇ ಮುಂದೆ ನಿಂತು ಯಂತ್ರ ಎಳೆಯುವ ಎತ್ತುಗಳಿಗೆ ದಾರಿ ಮಾಡಿಕೊಟ್ಟ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಊರು ಖಾಲಿ ಮಾಡಿ ಎಂಬ ಹುಕುಂ ಬಂತು. ಹಿಂದೆಯೇ ಗಣಿಯ ಎಂಜಿನಿಯರ್ ಬಂದ, ಗೂಟ ಹೊಡೆಸತೊಡಗಿದ. ಎಲ್ಲೋ ತಪ್ಪಾಗಿದೆ ಎಂದುಕೊಂಡು ತಾತ ಓಡಿದರು. ಈ ಊರನ್ನು ಮುಟ್ಟುವುದಿಲ್ಲವೆಂದು ದೊರೆ ಮಾತು ಕೊಟ್ಟಿದ್ದಾರೆ, ಬೇಕಾದರೆ ವಿಚಾರಿಸಿ ಎಂದರು. ಎಂಜಿನಿಯರ್ ಕೆಟ್ಟವನಲ್ಲ, ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ನೀವೇನ್ರೀ ಹೇಳ್ತಿರೋದು? ಮೊದಲ ಗಣಿ ಬಾಯಿ ಈ ಬಾವಿ ಹತ್ರಾನೇ ತೆಗೀಬೇಕು ಅಂತ ಹೇಳಿದ್ದೇ ಅವರು. ಬಾವಿಗೆ ಇಳಿದು ನೋಡಿ ಬಂದ ವಾರಾನೇ ಹೇಳಿದ್ರು."

ಅಂದರೆ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಾಗ ದೊರೆಗೆ ಎಲ್ಲವೂ ಗೊತ್ತಿತ್ತು.

ತಾತ ಬಂಗಲೆಗೆ ಹೋದಾಗ ದೊರೆ ತನ್ನ ದೇಶಕ್ಕೆ ಹೊರಡುವ ತಯಾರಿಯಲ್ಲಿದ್ದ. ಕೋಣೆಯ ತುಂಬ ಹುಲ್ಲು ತುಂಬಿದ ಪೆಟ್ಟಿಗೆಗಳು, ಕಾಗದದಲ್ಲಿ ಸುತ್ತಿದ ಕಲ್ಲುಗಳು. ತಾತನನ್ನು ಕಂಡು ಸಂತೋಷದಿಂದಲೇ, "ಬಾ, ಕೂತುಕೋ" ಎಂದ. ತಾತ ಕೂರಲಿಲ್ಲ.

"ನನಗಾದರೂ ಹೇಳಬಹುದಿತ್ತು."

ದೊರೆ ಸುಳ್ಳು ಹೇಳಲಿಲ್ಲ. "ಹೇಳಿದ್ದರೆ ನಿನ್ನ ಮುಖದಲ್ಲಿ ಗೊತ್ತಾಗಿಬಿಡುತ್ತಿತ್ತು" ಎಂದ. "ನೀನು ನಂಬಿದ್ದೆ. ಅದಕ್ಕೇ ಅವರೂ ನಂಬಿದರು. ನನ್ನ ಕೆಲಸ ಆಗಬೇಕಿತ್ತು." ಹಾಗೆಂದು, ಬೀಳ್ಕೊಡುವವನಂತೆ ಕೈ ಚಾಚಿದ. ತಾತನೂ ಕೈ ಕೊಟ್ಟರು. ಅಷ್ಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮುಂದೆ ಹೋಯಿತು. ಜೀವನದಲ್ಲಿ ಬೇರೆ ಯಾವುದಕ್ಕೂ ಅವರು ಅಷ್ಟು ನಾಚಿಕೊಂಡದ್ದಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು.

ಊರು ಎದ್ದುಹೋಯಿತು. ಜನರನ್ನು ಗಣಿಯ ಆಚೆ ತಗಡಿನ ಸಾಲುಮನೆಗಳಿಗೆ ಹಾಕಿದರು. ಮಾವನವರು ಅಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ಸಾವಿನ ಸುದ್ದಿ ತಿಳಿದು ಅಜ್ಜಿಯನ್ನು ಕರೆದುಕೊಂಡು ಹೋದ ತಾತನನ್ನು ಅವಳ ತಮ್ಮ ಬಾಗಿಲಲ್ಲೇ ತಡೆದ. "ಅಪ್ಪನ ಮುಖ ನೋಡೋ ಯೋಗ್ಯತೆ ನಿಮಗಿಲ್ಲ. ಅಕ್ಕನೂ ಇನ್ನು ಈ ಕಡೆ ಬರೋದು ಬೇಡ." ಅಪ್ಪನ ಮುಖವನ್ನು ಕೊನೆಯ ಸಲ ನೋಡಲಾಗದೆ ಅಜ್ಜಿ ಹಿಂದಿರುಗಿದಳು. ಗಂಡನನ್ನು ಬಿಟ್ಟುಹೋಗಲಿಲ್ಲ, ಬೈಯಲೂ ಇಲ್ಲ. ಆದರೆ ನಾಳೆ ಪೇಟೆಗೆ ಹೋಗೋಣ ಎಂಬಂಥ ಸಣ್ಣ ಮಾತಿಗೂ, "ಇದು ಯಾರ ಮಾತು?" ಎಂದು ಕೇಳುತ್ತಿದ್ದಳು. ತಾತ ಸರ್ಕಾರದ ಕೆಲಸ ಬಿಟ್ಟು ಮರದ ಅಡ್ಡೆಯೊಂದರಲ್ಲಿ ದಿಮ್ಮಿ ಅಳೆಯುವ ಕೆಲಸಕ್ಕೆ ಸೇರಿದರು. ಅಲ್ಲಿ ಬಾಯಿಗೆ ಕೆಲಸವಿರಲಿಲ್ಲ.

ತಾತನಿಗೆ ತಲೆ ಪೂರ್ತಿ ನರೆತ ಮೇಲೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು ಮನೆ ಹುಡುಕಿಕೊಂಡು ಬಂದರು. ಕಲ್ಲುದೊರೆ ತೀರಿಕೊಂಡಿದ್ದ. ಅವನ ಕಾಗದಪತ್ರಗಳು ಸಂಗ್ರಹಾಲಯಕ್ಕೆ ಟ್ರಂಕುಗಟ್ಟಲೆ ಬಂದಿದ್ದವು, ಆದರೆ ಆ ಕೋಳಿಕಾಲಿನ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ. ಅವನ್ನು ಓದಿ ಜೋಡಿಸಿಕೊಡಲು ತಾತ ಒಪ್ಪಿಕೊಂಡದ್ದು ಕಂಡು ಅಜ್ಜಿ ಅಡುಗೆಮನೆಯಿಂದಲೇ ಕೇಳಿದಳು: "ಇನ್ನೂ ಏನು ಉಳಿದಿದೆ ಅಂತ ಹೋಗ್ತೀರಿ?"

"ಒಂದು ಸಾಲಾದ್ರೂ ಬರೆದಿರ್ತಾನೆ ಕಣೇ. ಮನಸ್ಸಿಗೆ ಚುಚ್ಚದೇ ಇರುತ್ತಾ?"

ಆ ಬೇಸಿಗೆಯೆಲ್ಲ ಅವರು ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಭೂತಗನ್ನಡಿ ಹಿಡಿದು ಓದಿದರು. ಬೆಟ್ಟಗಳ ಅಂದವಾದ ಚಿತ್ರಗಳಿದ್ದವು. ಹೇಸರಗತ್ತೆಯ ಲಾಳಕ್ಕೆ ಕೊಟ್ಟ ಕೂಲಿಯಿತ್ತು. ಬಾವಿಯ ಆಳ, ಕಲ್ಲಿದ್ದಲಿನ ಪದರದ ದಪ್ಪ ಎಲ್ಲ ಇತ್ತು. ಪಡಸಾಲೆಯ ಆ ದಿನದ ಪುಟದಲ್ಲಿ ಸೆಖೆ, ಹಲ್ಲುನೋವು ಎಂದು ಬರೆದಿತ್ತು. ಕೊಟ್ಟ ಮಾತಿನ ಸುದ್ದಿ ಇರಲಿಲ್ಲ. ತಾತನ ಹೆಸರು ಎಲ್ಲಿಯೂ ಇರಲಿಲ್ಲ. ಜ್ವರದ ದಿನಗಳಲ್ಲಿ, ದುಭಾಷಿಗೆ ಕಾಯಿಲೆ, ಕೆಲಸಕ್ಕೆ ತೊಂದರೆ ಎಂದಷ್ಟೇ ಇತ್ತು.

ಎಲ್ಲ ಜೋಡಿಸಿ ಮುಗಿದ ಮೇಲೆ ತಾತ ನಡೆದದ್ದನ್ನು ತಾವೇ ನಾಲ್ಕು ಹಾಳೆ ಬರೆದು, ಇದನ್ನೂ ಟ್ರಂಕಿನಲ್ಲಿಡಿ ಎಂದರು. ಮೇಲ್ವಿಚಾರಕರು ಓದಿ, ಮೆಲ್ಲಗೆ ವಾಪಸು ಕೊಟ್ಟರು. "ಇದು ಅವರ ಸಂಗ್ರಹ ಯಜಮಾನ್ರೇ. ಬೇರೆಯವರದ್ದು ಸೇರಿಸೋ ಹಾಗಿಲ್ಲ."

ಹಾಳೆಗಳನ್ನು ಜೇಬಿಗಿಟ್ಟುಕೊಂಡು ತಾತ ನೇರವಾಗಿ ಸಾಲುಮನೆಗಳ ಕಡೆ ಹೋದರು. ಅಜ್ಜಿಯ ತಮ್ಮ ಹೊರಗೆ ಕೂತು ಕೆಮ್ಮುತ್ತಿದ್ದ. ಅವನೂ ಮುದುಕನಾಗಿದ್ದ, ಉಗುರಿನ ಸಂದಿಯಲ್ಲೆಲ್ಲ ಕಲ್ಲಿದ್ದಲಿನ ಕಪ್ಪು.

"ಅವನಿಗೆ ಮೊದಲೇ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅಷ್ಟು ಹೇಳಿ ಹೋಗೋಣ ಅಂತ ಬಂದೆ."

"ಅದು ಆವಾಗಲೇ ಗೊತ್ತಿತ್ತು ಭಾವ" ಎಂದ ಅವನು. "ನೀವು ಮೋಸ ಮಾಡೋ ಪೈಕಿ ಅಲ್ಲ. ಆದ್ರೆ ಅವನು ಹಡಗು ಹತ್ತಿ ಹೊರಟುಹೋದ. ಸಿಟ್ಟು ತೀರಿಸ್ಕೊಳ್ಳೋಕೆ ನಮ್ಮ ಕೈಗೆ ಸಿಕ್ಕಿದ್ದು ನೀವೊಬ್ರೇ."

ತಾತನನ್ನು ಅವನು ಒಳಗೆ ಕರೆಯಲಿಲ್ಲ. ಕೆಮ್ಮು ನಿಂತ ಮೇಲೆ, "ಅಕ್ಕನ್ನ ಕಳಿಸಿ, ನೋಡಬೇಕು" ಎಂದ. "ನೀವು ಬರಬೇಡಿ. ಇಲ್ಲಿ ಇನ್ನೂ ಹಳಬರಿದ್ದಾರೆ."

ಮರುವಾರವೇ ತಾತ ಅಜ್ಜಿಯನ್ನು ಕರೆದುಕೊಂಡು ಹೋದರು. ಸಾಲುಮನೆಗಳ ತಿರುವಿನವರೆಗೆ ಜೊತೆಗೆ ನಡೆದು, ಅಲ್ಲಿಂದ ಅವಳೊಬ್ಬಳನ್ನೇ ಕಳಿಸಿ, ತಾವು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಅಜ್ಜಿ ಸಂಜೆಗೆ ಬಂದಳು, ಕಣ್ಣು ಕೆಂಪಗಾಗಿತ್ತು. ಆಮೇಲೆ ಆಗಾಗ ಹೋಗುವುದು ರೂಢಿಯಾಯಿತು. ಬದುಕಿರುವವರೆಗೂ ತಾತ ಆ ತಿರುವನ್ನು ದಾಟಲಿಲ್ಲ.